ಎಬ್ಬಿಸಿದ್ದು ನಿಜ, ಎದ್ದಿದ್ದು ಸುಳ್ಳು

ಹೆಂಡತಿ: ನಾನು ಎಬ್ಬಿಸಿದ್ದೀನಿ! ಸರಿಯಾದ ಹೊತ್ತಿಗೇ ಎಬ್ಬಿಸಿದ್ದೀನಿ!

ಗಂಡ: ಎಬ್ಬಿಸಿದ್ರೆ ಎದ್ದಿರ್ತಿದ್ದ. ಎದ್ದಿಲ್ಲ ಅಂದ್ರೆ ಎಬ್ಬಿಸಿಲ್ಲ ಅಂತ ತಾನೇ?

ಹೆಂಡತಿ: ಓಹೋ! ಎಬ್ಬಿಸೋದೂ ನನ್ನ ಕೆಲಸ, ಏಳೋದೂ ನನ್ನ ಕೆಲಸಾನಾ?

ಗಂಡ: ನನ್ನ ಕಡೆಯವನು ಆಗ್ಲಿಂದ ಕಾಯ್ತಾ ಕೂತಿದ್ದಾನೆ ಕಣೇ, ಪಾಪ.

ಹೆಂಡತಿ: ಕಾಯ್ತಾ ಕೂತಿಲ್ಲ, ಗೊರಕೆ ಹೊಡೀತಿದ್ದಾನೆ! ಒಳ್ಳೇ ನಿನ್ನ ಥರಾನೇ!

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಊಟದ ಮೇಜಿನ ಈ ತುದಿಗೆ ಹಳೆಯ ಕಂಪ್ಯೂಟರ್, ಆ ತುದಿಗೆ ಹೊಸದು, ನಡುವೆ ತೊಳೆಯದ ನಾಲ್ಕು ಕಾಫಿ ಲೋಟಗಳು. ಗಂಡ ಹೆಂಡತಿ ಸೇರಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಯಂತ್ರಕ್ಕೆ ಪ್ರೋಗ್ರಾಂ ಬರೆದುಕೊಟ್ಟಿದ್ದರು. ಹಳೆಯ ಕಂಪ್ಯೂಟರಿನಲ್ಲಿ ಅದು ಒಂದು ವರ್ಷ ಕೆಮ್ಮದೆ ಸೀನದೆ ಓಡಿತ್ತು. ಈಗ ಪ್ರೆಸ್ಸಿನವರು ಬೇರೆ ಬಗೆಯ ಕಂಪ್ಯೂಟರ್ ಕೊಂಡು, ಪರೀಕ್ಷೆಗೆಂದು ಎರಡನ್ನೂ ಇವರ ಮನೆಗೆ ಕಳಿಸಿದ್ದರು. ಪ್ರೋಗ್ರಾಂ ಎರಡರಲ್ಲೂ ಓಡಬೇಕು, ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿಗೆ ಒಯ್ದು ಅವರ ಎದುರಿಗೇ ಓಡಿಸಿ ತೋರಿಸಬೇಕು. ಹೊಸದರಲ್ಲಿ ಮೂವತ್ತು ಸಲ ಚೆನ್ನಾಗಿ ನಡೆದದ್ದು ಮೂವತ್ತೊಂದನೆಯ ಸಲ ಸದ್ದಿಲ್ಲದೆ ನಿಂತುಬಿಡುತ್ತಿತ್ತು. ತಪ್ಪು ತನ್ನದಲ್ಲ ಎನ್ನುವ ವಿಷಯದಲ್ಲಿ ಹೆಂಡತಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗಂಡನಿಗೂ ಇರಲಿಲ್ಲ.

ಒಳಗಿನ ಕೋಣೆಯ ಬಾಗಿಲು ತೆರೆಯಿತು. ಅತ್ತೆ ಹೊರಬಂದರು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ, ಕೊನೆಗೆ ಇಡೀ ವಾರ್ಡಿಗೆ ದೊಡ್ಡ ಸಿಸ್ಟರ್ ಆಗಿ ನಿವೃತ್ತರಾದವರು. ಅವರು ಬಾಗಿಲಲ್ಲಿ ನಿಂತರೆ ಇವತ್ತಿಗೂ ಜನ ಹಾಸಿಗೆ ಸರಿ ಮಾಡಿಕೊಳ್ಳುತ್ತಾರೆ.

ಅತ್ತೆ: ಅಲ್ವೋ, ಹೆಂಡತಿ ಎಬ್ಬಿಸಿದಾಗ ಏಳೋಕೆ ಏನೋ ದಾಡಿ ನಿನಗೆ?

ಗಂಡ: ಅಮ್ಮ, ಮಲಗಿರೋದು ನಾನಲ್ಲ. ಥ್ರೆಡ್ಡು.

ಅತ್ತೆ: ಥ್ರೆಡ್ಡಾ? ದಾರ ಎಲ್ಲಾದ್ರೂ ಮಲಗುತ್ತೇನೋ?

ಹೆಂಡತಿ: ಹೊಲಿಯೋ ದಾರ ಅಲ್ಲ ಅತ್ತೆ. ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ನಡಿಯೋ ಕೆಲಸಗಳಿಗೆ ಹಾಗಂತಾರೆ. ಒಬ್ಬಳು ಕಾಗದ ಬಂತಾ ಅಂತ ನೋಡ್ಕೊಳ್ತಾಳೆ, ಇನ್ನೊಬ್ಬ ಅಚ್ಚು ಹಾಕ್ತಾನೆ ಅಂತಿಟ್ಕೊಳ್ಳಿ. ಕಾಗದ ಬರೋ ತನಕ ಅಚ್ಚಿನವನು ಮಲಗಿರ್ತಾನೆ.

ಅತ್ತೆ: ಡ್ಯೂಟಿ ಹೊತ್ತಲ್ಲಿ?

ಗಂಡ: ಮಲಗ್ಲೇಬೇಕಮ್ಮ. ಎದ್ದಿದ್ರೆ ‘ಬಂತಾ, ಬಂತಾ, ಬಂತಾ’ ಅಂತ ಕೇಳಿ ಕೇಳಿ ಕಂಪ್ಯೂಟರ್ ತಲೆ ತಿಂದುಬಿಡ್ತಾನೆ.

ಅತ್ತೆ: ನಮ್ಮ ವಾರ್ಡಲ್ಲಾಗಿದ್ರೆ ಮೆಮೊ ಕೊಡ್ತಿದ್ದೆ. ಆಯ್ತು, ಎಬ್ಬಿಸೋರು ಯಾರು?

ಹೆಂಡತಿ: ಕಾಗದದವಳು. ಅವಳ ಕಡೆ ಬರ್ದಿರೋದು ನಾನು. ಮಲಗೋನ ಕಡೆ ಬರ್ದಿರೋದು ಇವರು.

ಅತ್ತೆಯ ಮುಂದೆ ‘ನೀನು’ ಎನ್ನುವುದು ‘ಇವರು’ ಆಗುವುದಕ್ಕೆ ಅವಳಿಗೆ ಅರೆಗಳಿಗೆಯೂ ಬೇಕಾಗುತ್ತಿರಲಿಲ್ಲ.

ಅತ್ತೆ: ಸರಿಯಾಗೇ ಹಂಚ್ಕೊಂಡಿದ್ದೀರಿ. ಮಲಗೋ ಕೆಲಸಕ್ಕೆ ಇವನಷ್ಟು ಅನುಭವ ಇನ್ಯಾರಿಗಿದೆ!

ಗಂಡ: ಅಮ್ಮ, ನೀನು ಯಾರ ಕಡೆ?

ಅತ್ತೆ: ಕಾಯಿಲೆ ಬಿದ್ದೋರ ಕಡೆ. ಹೇಳು, ಎಷ್ಟು ದಿನದಿಂದ ಹೀಗೆ?

ಗಂಡ: ಎರಡು ವಾರದಿಂದ.

ಅತ್ತೆ: ಊಟಕ್ಕೆ ಮುಂಚೆ ಬರುತ್ತಾ, ಆದ್ಮೇಲಾ?

ಗಂಡ: ಅಮ್ಮಾ!

ಅತ್ತೆ: ಹಳೇದರಲ್ಲಿ ಇರಲಿಲ್ಲ, ಹೊಸದರಲ್ಲಿ ಬಂತು. ಏನು ಬದಲಾಯಿಸ್ದೆ?

ಗಂಡ: ಎಬ್ಬಿಸೋ ವ್ಯವಸ್ಥೆಗೆ ಅಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು. ಹಳೇ ಹೆಸರು ತೆಗೆದು ಹೊಸ ಹೆಸರು ಹಾಕ್ದೆ. ಅಷ್ಟೇ.

ಅತ್ತೆ: ಹೆಸರು ಮಾತ್ರ ಬೇರೆನೋ, ಗುಣವೂ ಬೇರೆನೋ ಅಂತ ಓದಿ ನೋಡಿದ್ಯಾ?

ಗಂಡ ಕಾಫಿ ಲೋಟ ಎತ್ತಿ ಕುಡಿಯಲು ಹೋದ. ಅದರಲ್ಲಿ ಏನೂ ಇರಲಿಲ್ಲ. ಹೆಂಡತಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅತ್ತೆ ಕುರ್ಚಿ ಎಳೆದುಕೊಂಡು ಅವಳ ಕಡೆಗೇ ತಿರುಗಿ ಕೂತರು.

ಅತ್ತೆ: ನೀನು ಹೇಳಮ್ಮ. ನೀನು ಯಾವಾಗ ಕೂಗ್ತೀಯ?

ಹೆಂಡತಿ: ಕಾಗದ ಬಂದ ತಕ್ಷಣ ಅತ್ತೆ. ಒಂದು ಕ್ಷಣವೂ ತಡ ಮಾಡಲ್ಲ.

ಅತ್ತೆ: ಅಷ್ಟೊತ್ತಿಗೆ ಅವನು ಮಲಗಿರ್ತಾನಾ?

ಹೆಂಡತಿ: ಸಾಮಾನ್ಯವಾಗಿ ಮಲಗಿರ್ತಾನೆ.

ಅತ್ತೆ: ಒಂದು ದಿನ ಕಾಗದ ಬೇಗ ಬಂತು, ಇವನಿನ್ನೂ ಹಾಸಿಗೆ ಕೊಡವ್ತಾ ಇದ್ದಾನೆ ಅಂದ್ಕೋ. ಆಗ?

ಹೆಂಡತಿ: ಆಗ್ಲೂ ಕೂಗ್ತೀನಿ. ಆದ್ರೆ ಮಲಗದೇ ಇರೋನನ್ನ ಎಬ್ಬಿಸೋಕೆ ಆಗಲ್ವಲ್ಲ, ಕೂಗು ಹಾಗೇ ಗಾಳಿಗೆ...

ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು. ಕೂಗು ಗಾಳಿಗೆ ಹೋಗುತ್ತದೆ. ಆಮೇಲೆ ಅವನು ನಿಶ್ಚಿಂತೆಯಿಂದ ಮಲಗುತ್ತಾನೆ. ಆಗಲೇ ಬಂದು ಹೋದ ಕರೆಗಾಗಿ ಯುಗ ಕಳೆದರೂ ಕಾಯುತ್ತಾನೆ. ಹಳೆಯ ಕಂಪ್ಯೂಟರ್ ‘ಯಾರೋ ಕರೆದಿದ್ದರು’ ಎಂದು ತಾನೇ ಗುರುತಿಟ್ಟುಕೊಂಡಿರುತ್ತಿತ್ತು. ಹೊಸದು ಕೂಗನ್ನು ದಾಟಿಸುತ್ತಿತ್ತಷ್ಟೇ, ನೆನಪಿಟ್ಟುಕೊಳ್ಳುವ ಗೊಡವೆಗೆ ಹೋಗುತ್ತಿರಲಿಲ್ಲ.

ಗಂಡ: ನೋಡಿದ್ಯಾ, ನೋಡಿದ್ಯಾ! ಅವಸರ ಬಿದ್ದು ಕೂಗಿದ್ದು ನೀನೇ!

ಅತ್ತೆ: ನೀನೇನು ಭಾರಿ ಸಾಚಾ? ಮಲಗೋ ಮುಂಚೆ ಕಾಗದ ಬಂದಿದೆಯಾ ಅಂತ ಒಂದು ಸಲ ಕಣ್ಣು ಹಾಯಿಸಿದ್ರೆ ಗಂಟು ಹೋಗ್ತಿತ್ತಾ?

ಹೆಂಡತಿ: ಹಾಗೆ ಕೇಳಿ ಅತ್ತೆ!

ಅತ್ತೆ: ನೀನೂ ಕುಣೀಬೇಡ. ಕೂಗಿಬಿಟ್ರೆ ಮುಗೀತಾ? ಕೇಳಿಸ್ತೋ ಇಲ್ವೋ ಅಂತ ಯಾರು ನೋಡ್ಬೇಕು?

ಅತ್ತೆಯ ದನಿ ಸ್ವಲ್ಪ ಇಳಿಯಿತು.

ಅತ್ತೆ: ಮೊದಮೊದಲು ನಮ್ಮ ವಾರ್ಡಲ್ಲಿ ಬರೀ ಗಂಟೆ ಇತ್ತು. ರೋಗಿ ಗುಂಡಿ ಒತ್ತಿದ್ರೆ ಟಿಣ್ ಅನ್ನೋದು, ಸುಮ್ಮನಾಗೋದು. ಒಬ್ಬರು ಮೇಷ್ಟ್ರಿದ್ರು, ಸೊಂಟದ ಆಪರೇಷನ್ ಆಗಿ ಮೂರು ದಿನ. ನೀರು ಬೇಕಾಗಿತ್ತು, ಗುಂಡಿ ಒತ್ತಿದ್ರಂತೆ. ನಾನು ನಲ್ಲಿ ಬಿಟ್ಕೊಂಡು ಕೈ ತೊಳೀತಿದ್ದೆ. ಕೇಳಿಸ್ಲಿಲ್ಲ. ಪಾಪ, ಸಂಕೋಚದ ಮನುಷ್ಯ, ಎರಡನೇ ಸಲ ಒತ್ತಲಿಲ್ಲ. ತಾವೇ ಎದ್ದು ಹೋಗಿ ಬಿದ್ದುಬಿಟ್ರು. ಮತ್ತೆ ಎರಡು ತಿಂಗಳು ಹಾಸಿಗೆ. ನಾನು ಕಾಲು ಹಿಡ್ಕೊಂಡೆ. ಅವರು ‘ನಾನು ಜೋರಾಗಿ ಒತ್ತಬೇಕಿತ್ತು ಸಿಸ್ಟರ್’ ಅಂದ್ರು.

ಗಂಡ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟ.

ಅತ್ತೆ: ಅವತ್ತೇ ದೊಡ್ಡ ಡಾಕ್ಟರ ಹತ್ರ ಜಗಳ ಆಡಿ ಪ್ರತಿ ಬಾಗಿಲ ಮೇಲೂ ಕೆಂಪು ದೀಪ ಹಾಕಿಸ್ದೆ. ಗಂಟೆ ಹೊಡೀಲಿ, ಬೇಡ ಅನ್ನಲ್ಲ. ಆದ್ರೆ ದೀಪ ಉರೀತಾನೇ ಇರಬೇಕು. ಕುರ್ಚೀಲಿ ಕೂರೋ ಮುಂಚೆ ಸಾಲಾಗಿ ದೀಪ ನೋಡೋದು, ಯಾವುದೂ ಉರೀತಿಲ್ಲ ಅಂದ್ರೆ ಮಾತ್ರ ಕೂರೋದು.

ಗಂಡ: ಆ ದೀಪ ಆರಿಸೋರು ಯಾರಮ್ಮ? ಕರೆದೋರಾ?

ಅತ್ತೆ: ಕರೆದೋರು ಯಾಕೆ ಆರಿಸ್ತಾರೆ? ಹೋಗಿ ನೋಡಿದೋರು ಆರಿಸ್ಬೇಕು.

ಗಂಡ: ಇನ್ನೊಂದು ತರಲೆ ಇದೆ. ಈ ಹೊಸದರಲ್ಲಿ ಕೆಲವು ಸಲ ಯಾರೂ ಕರೀದೇನೇ ಎಚ್ಚರ ಆಗಿಬಿಡುತ್ತೆ.

ಅತ್ತೆ: ನನಗೂ ಆಗುತ್ತಪ್ಪ, ಅರವತ್ತು ದಾಟಿದ ಮೇಲೆ. ಕಣ್ಣು ಬಿಟ್ಟು ದೀಪ ನೋಡೋದು, ಉರೀತಿಲ್ವಾ, ಮಗ್ಗಲು ತಿರುಗಿ ಮಲಗೋದು. ಎಚ್ಚರ ಆಯ್ತು ಅಂತ ಎದ್ದು ಓಡಿ ಯಾರಿಗೋ ಇಂಜೆಕ್ಷನ್ ಚುಚ್ಚಿ ಬರ್ತಾರೇನೋ?

ಹೆಂಡತಿ ಆಗಲೇ ಕೀಲಿಮಣೆಗೆ ಕೈ ಹಾಕಿದ್ದಳು.

ಹೆಂಡತಿ: ನಾನು ಮೊದಲು ದೀಪ ಹಚ್ತೀನಿ, ಆಮೇಲೆ ಕೂಗ್ತೀನಿ. ನೀವು ದೀಪ ನೋಡ್ದೇ ಮಲಗಬೇಡಿ, ಎದ್ದ ಮೇಲೂ ಇನ್ನೊಂದ್ಸಲ ನೋಡಿ.

ಗಂಡ: ನಾನು ನೋಡಿ ಮಲಗೋದರ ಮಧ್ಯೆ ನೀನು ಬಂದು ಹಚ್ಚಿ ಕೂಗಿಬಿಟ್ರೆ? ಮತ್ತೆ ಅದೇ ಕತೆ.

ಹೆಂಡತಿ: ದೀಪಕ್ಕೊಂದು ಬೀಗ ಹಾಕೋಣ. ಅದರ ಕೀಲಿ ಯಾರ ಕೈಲಿದೆಯೋ ಅವರೊಬ್ಬರೇ ದೀಪ ನೋಡೋದು, ಮುಟ್ಟೋದು.

ಗಂಡ: ಕಣ್ಣು ಮುಚ್ಚೋ ಕ್ಷಣದಲ್ಲೇ ನನ್ನ ಕೈಯಿಂದ ಕೀಲಿ ಬಿಟ್ಕೊಳ್ಳೋ ಹಾಗೆ ಮಾಡ್ತೀನಿ. ಅದು ಹೊಸದರಲ್ಲೂ ಉಂಟು, ಹಳೇದರಲ್ಲೂ ಉಂಟು.

ಹೆಂಡತಿ: ಹಾಗಾದ್ರೆ ನೆನಪಿಟ್ಕೊಳ್ಳೋ ಕೆಲಸ ಕಂಪ್ಯೂಟರಿಗೆ ಬಿಡೋದೇ ಬೇಡ. ನಾವೇ ಇಟ್ಕೊಳ್ಳೋಣ. ಯಾವ ಊರಿನ ಕಂಪ್ಯೂಟರ್ ಆದ್ರೂ ಓಡುತ್ತೆ!

ಎರಡು ವಾರದಲ್ಲಿ ಮೊದಲ ಬಾರಿಗೆ ಇಬ್ಬರೂ ಮೇಜಿನ ಒಂದೇ ತುದಿಯಲ್ಲಿ ಕೂತರು. ಒಂದು ಗಂಟೆಯಲ್ಲಿ ಬರೆದು ಮುಗಿಯಿತು. ಹೊಸದರಲ್ಲಿ ಓಡಿಸಿದರು. ಮೂವತ್ತು ದಾಟಿತು, ಮುನ್ನೂರು ದಾಟಿತು, ಹತ್ತು ಸಾವಿರ ದಾಟಿದರೂ ನಿಲ್ಲಲಿಲ್ಲ. ಹಳೆಯದರಲ್ಲಿ ಓಡಿಸಿದರು, ಅಲ್ಲೂ ಅಷ್ಟೇ. ಹೆಂಡತಿ ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದರಲ್ಲಿ ಪ್ರೀತಿ ಎಷ್ಟು, ಎರಡು ವಾರದ ಬಾಕಿ ಸಿಟ್ಟು ಎಷ್ಟು ಎಂದು ಅವಳಿಗೇ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಅತ್ತೆ ಚಪ್ಪಲಿ ಮೆಟ್ಟಿ, ಕೈಯಲ್ಲಿ ದೊಡ್ಡದೊಂದು ಸೂಟ್‌ಕೇಸ್ ಹಿಡಿದು ನಿಂತಿದ್ದರು.

ಅತ್ತೆ: ಸರಿ, ನಾನಿನ್ನು ಹೊರಟೆ.

ಗಂಡ: ಎಲ್ಲಿಗಮ್ಮ?

ಅತ್ತೆ: ಎಲ್ಲಿಗೆ ಅಂದ್ರೆ? ನರ್ಸಿಂಗ್ ಶಾಲೆಗೆ. ನಾಳೆಯಿಂದ ಹುಡುಗೀರಿಗೆ ಪಾಠ ಹೇಳ್ಬೇಕು. ಆರು ತಿಂಗಳು ಅಲ್ಲೇ ಇರೋದು, ರೂಮೂ ಕೊಟ್ಟಿದ್ದಾರೆ.

ಗಂಡ: ಆರು ತಿಂಗಳಾ! ನಮಗೊಂದು ಮಾತು ಹೇಳ್ಬಾರದಾ?

ಅತ್ತೆ: ಬುಧವಾರ ಹೇಳಿದ್ನಲ್ಲ. ‘ಕೆಲಸಕ್ಕೆ ಕರೀತಿದ್ದಾರೆ, ಹೋಗ್ಲೇನೋ’ ಅಂದೆ. ನೀನು ಹೂಂ ಅಂದೆ.

ಹೆಂಡತಿ: ನನಗಾದ್ರೂ ಹೇಳ್ಬಾರದಿತ್ತಾ ಅತ್ತೆ?

ಅತ್ತೆ: ನಿನಗೆ ಗುರುವಾರ ಹೇಳ್ದೆ. ನೀನು ಎರಡು ಸಲ ಹೂಂ ಅಂದೆ. ಎರಡನೇದು ಸ್ವಲ್ಪ ಜೋರಾಗೇ ಇತ್ತು. ಪರವಾಗಿಲ್ಲ, ಖುಷಿಯಾಗೇ ಕಳಿಸ್ತಿದ್ದಾಳೆ ಅಂದ್ಕೊಂಡೆ.

ಹೆಂಡತಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆ ಗುರುವಾರ ಅವಳಿಗೆ ನೆನಪೇ ಇರಲಿಲ್ಲ. ಹತ್ತಿರ ಹೋಗಿ ಅತ್ತೆಯ ಕೈ ಹಿಡಿದುಕೊಂಡಳು.

ಹೆಂಡತಿ: ಹೋಗ್ಬೇಡಿ ಅನ್ನಲ್ಲ ಅತ್ತೆ. ಖಂಡಿತ ಹೋಗಿ. ಆದ್ರೆ ಕಿವಿಗೆ ಹಾಕ್ಕೊಳ್ಳದೆ ಹೂಂ ಅಂದಿದ್ದು ನನ್ನ ತಪ್ಪು.

ಅತ್ತೆ: ಕಣ್ಣಲ್ಲಿ ನೀರು ಹಾಕ್ಬೇಡ್ವೇ. ಪಾಠ ಹೇಳೋಕೆ ಹೋಗ್ತಿದ್ದೀನಿ, ದೇಶಾಂತರ ಅಲ್ಲ.

ಸೊಸೆಯ ಕೆನ್ನೆ ತಟ್ಟಿ, ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದುಕೊಂಡರು.

ಗಂಡ: ಅಮ್ಮಾ! ಅದು ಕಾರಿನ ಕೀ!

ಅತ್ತೆ: ಶುಕ್ರವಾರ ಕೇಳ್ದೆ. ನೀನೇ ಹೂಂ ಅಂದೆ.

ಗಂಡ: ನಾಳೆ ಬೆಳಿಗ್ಗೆ ಈ ಎರಡು ಕಂಪ್ಯೂಟರ್ ಹೊತ್ಕೊಂಡು ನಾವು ಪ್ರೆಸ್ಸಿಗೆ ಹೇಗಮ್ಮ ಹೋಗೋದು?

ಅತ್ತೆ: ಅದನ್ನೂ ನಿನ್ನೆ ಕೇಳಿದ್ದೆ ಕಣಪ್ಪ. ‘ಬಸ್ಸಲ್ಲಿ ಹೋಗ್ತೀರಾ’ ಅಂದೆ. ಇಬ್ಬರೂ ಒಟ್ಟಿಗೆ ಹೂಂ ಅಂದ್ರಿ. ಎರಡು ವಾರದಲ್ಲಿ ನೀವಿಬ್ಬರೂ ಒಪ್ಪಿದ್ದು ಅದೊಂದೇ ಮಾತು. ನಾನ್ಯಾಕೆ ಅದನ್ನ ಕೆಡಿಸ್ಲಿ?