ಹೊನ್ನಾಂಬೆ ಹುಟ್ಟೇ ಇಲ್ಲ

ಯೋಗಾನಂದನ ಮನೆಯಲ್ಲಿ ಟಿವಿ ಇರಲಿಲ್ಲ.

ಬೇಕಾಗಿಯೂ ಇರಲಿಲ್ಲ. ಬಸವೇಶ್ವರನಗರದ ಆ ಮನೆಯಲ್ಲಿ ಅವನಿದ್ದ ಹಿಂದಿನ ಪೋರ್ಶನ್ನಿಗೂ ಓನರ್ ಅನಂತಲಕ್ಷ್ಮಿಯವರ ಹಾಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ದಿನಾ ರಾತ್ರಿ ಎಂಟೂವರೆಗೆ ಆ ಗೋಡೆಯ ಆಚೆ ‘ರಾಣಿ ಹೊನ್ನಾಂಬೆ’ ಧಾರಾವಾಹಿ ಶುರುವಾಗುತ್ತಿತ್ತು. ಕತ್ತಿಗಳ ಖಣಖಣ, ಕುದುರೆಗಳ ಕೆನೆತ, ನಡುನಡುವೆ ಮಂಡಿನೋವಿನ ಎಣ್ಣೆಯ ಜಾಹೀರಾತು, ಎಲ್ಲವೂ ಯೋಗಾನಂದನ ತಲೆದಿಂಬಿನ ಮೇಲೇ ನಡೆಯುತ್ತಿದ್ದವು.

ಅವನು ಹತ್ತಿರದ ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮದುವೆಯಾಗಿರಲಿಲ್ಲ. ಈ ಊರಿನ ಜನ ಒಂಟಿ ಗಂಡಸಿಗೆ ಬಾಡಿಗೆ ಮನೆ ಕೊಡುವ ಬದಲು ಅದನ್ನು ಇಲಿಗಳಿಗೆ ಬಿಟ್ಟಾರು. ಹೊಸಹಳ್ಳಿಯಿಂದ ಉಲ್ಲಾಳದವರೆಗೆ ಅಲೆದು, ಗೇಟು ಗೇಟಿನಲ್ಲೂ ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ಓದಿ ಓದಿ, ಕೊನೆಗೆ ಸಿಕ್ಕಿದ್ದ ಮನೆ ಇದು. ಅದರ ಅಗ್ರಿಮೆಂಟ್ ಈ ಶನಿವಾರಕ್ಕೆ ಮುಗಿಯುತ್ತಿತ್ತು. ಹೊಸ ಅಗ್ರಿಮೆಂಟ್ ಟೈಪ್ ಆಗಿ ಅನಂತಲಕ್ಷ್ಮಿಯವರ ಟಿವಿ ಪಕ್ಕದಲ್ಲಿ ಕೂತಿತ್ತು. ಅವರದೊಂದು ಸಹಿ ಬಿದ್ದರೆ ಇನ್ನೊಂದು ವರ್ಷ ಯೋಗಾನಂದ ಬದುಕಿಕೊಳ್ಳುತ್ತಿದ್ದ.

ಶನಿವಾರ ಬೆಳಿಗ್ಗೆ ಅವನು ಹಿತ್ತಿಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ. ಒಳ್ಳೆಯ ಕಲ್ಲು. ಮಂಡಿಯೆತ್ತರ, ನುಣುಪು, ಮೂಲೆಯಲ್ಲಿ ಸೋಪಿಡಲು ಹೇಳಿ ಮಾಡಿಸಿದಂಥ ಗುಳಿ. ಪಕ್ಕದಲ್ಲೇ ಹಿಂದಿನ ರಾತ್ರಿಯ ಎಪಿಸೋಡಿನ ಪೋಸ್ಟ್‌ಮಾರ್ಟಂ ನಡೆಯುತ್ತಿತ್ತು.

“ಅವಳಿಗೆ ಬುದ್ಧಿ ಬೇಡ್ವೇನೇ ಕೀರ್ತನಾ?” ಅನಂತಲಕ್ಷ್ಮಿ ಪೊರಕೆಯನ್ನು ಕತ್ತಿಯಂತೆ ಎತ್ತಿದರು. “ಆ ದಳವಾಯಿ ಕೆಂಚರಸ ಹಾಲಿಗೆ ವಿಷ ಹಾಕಿದಾನೆ. ಹಾಲು ನೀಲಿಗೆ ತಿರುಗಿದೆ. ಮೂರ್ ಮೂರ್ ಸಲ ತೋರಿಸಿದ್ರು! ಆದ್ರೂ ಗಟಗಟ ಕುಡೀತಾಳಲ್ಲ!”

“ಆಂಟಿ, ಅವಳು ಬೇಕಂತಲೇ ಕುಡಿದಿದ್ದು,” ಪಕ್ಕದ ಮನೆಯ ಕೀರ್ತನಾ ಕಾಂಪೌಂಡಿನ ಮೇಲಿಂದ ಬಗ್ಗಿದಳು. ಅವಳು ಬಿ.ಕಾಂ. ಓದುತ್ತಿದ್ದಳು. ಅದಕ್ಕಿಂತ ಶ್ರದ್ಧೆಯಿಂದ ಹೊನ್ನಾಂಬೆ ಅಭಿಮಾನಿ ಬಳಗದ ವಾಟ್ಸಾಪ್ ಗ್ರೂಪ್ ನಡೆಸುತ್ತಿದ್ದಳು. “ಚಿಕ್ಕ ವಯಸ್ಸಿಂದ ದಿನಾ ಒಂದೊಂದ್ ತೊಟ್ಟು ವಿಷ ಕುಡಿದು ಪ್ರಾಕ್ಟೀಸ್ ಮಾಡಿದಾಳೆ. ಫ್ಲ್ಯಾಶ್‌ಬ್ಯಾಕ್ ನೋಡ್ಲಿಲ್ವಾ ನೀವು?”

“ಅವತ್ತು ಕರೆಂಟ್ ಹೋಗಿತ್ತು ಕಣೇ.”

“ನಂಗೇನೋ ಕೆಂಚರಸನ್ದೇ ಸರಿ ಅನ್ಸುತ್ತೆ,” ಅಂದರು ಅನಂತಲಕ್ಷ್ಮಿಯವರ ಗಂಡ ಸೇತುರಾಮ, ಪೇಪರಿನ ಹಿಂದಿನಿಂದ. “ಪಾಪ, ಅಷ್ಟು ವರ್ಷ ಸರ್ವೀಸ್ ಮಾಡಿದಾನೆ. ಒಂದ್ ಪ್ರಮೋಷನ್ ಕೊಟ್ಟಿದ್ರೆ ಅವನ್ಯಾಕೆ ವಿಷ ಹಾಕ್ತಿದ್ದ?”

“ಬಾಯ್ಮುಚ್ಚಿ! ರಾಜದ್ರೋಹಿ ಕಡೆ ಮಾತಾಡ್ತೀರಲ್ಲ, ನಾಚಿಕೆ ಆಗಲ್ವಾ? ಇವತ್ತು ಎರಡನೇ ಕಾಫಿ ಇಲ್ಲ ನಿಮಗೆ.”

ಸೇತುರಾಮ ಪೂರ್ತಿಯಾಗಿ ಪೇಪರಿನೊಳಗೆ ಹೋದರು.

“ಮೇಷ್ಟ್ರನ್ನೇ ಕೇಳೋಣ,” ಅಂದಳು ಕೀರ್ತನಾ. “ಸಾರ್, ನೀವು ಹಿಸ್ಟರಿ ಅಲ್ವಾ? ಹೊನ್ನಾಂಬೆ ವಿಷದಿಂದ ಸಾಯ್ತಾಳಾ, ಯುದ್ಧದಲ್ಲಿ ಸಾಯ್ತಾಳಾ?”

ಷರಟಿನ ಕಾಲರಿನ ಕಲೆ ಹೋಗುತ್ತಿರಲಿಲ್ಲ. ಹಿಂದಿನ ರಾತ್ರಿ ವಿಷ ಕುಡಿದವಳ ನರಳಾಟದಿಂದ ಯೋಗಾನಂದನಿಗೆ ನಿದ್ದೆಯೂ ಆಗಿರಲಿಲ್ಲ. ತಲೆ ಎತ್ತದೆ ಹೇಳಿದ: “ಹುಟ್ಟಿದ್ರೆ ತಾನೇ ಸಾಯೋದು?”

“ಹಂಗಂದ್ರೆ?”

“ಹೊನ್ನಾಂಬೆ ಅಂತ ಯಾವ ರಾಣಿನೂ ಇರ್ಲಿಲ್ಲ. ಹುಟ್ಟೇ ಇಲ್ಲ. ಯಾರೋ ಎಸಿ ರೂಮಲ್ಲಿ ಕೂತು ಬರೆದಿರೋದು.”

ಪೊರಕೆ ಕೆಳಗೆ ಬಿತ್ತು. ಅನಂತಲಕ್ಷ್ಮಿಯವರ ಮುಖ ಕುಕ್ಕರಿನ ಹಾಗೆ ಸದ್ದಿಲ್ಲದೆ ಬಿಸಿಯಾಗಿ ಆಮೇಲೆ ಕೂಗಿತು.

“ಅವಳು ಜೈಲಲ್ಲಿದ್ದಾಗ ನಾನು ನಾಲ್ಕು ಶುಕ್ರವಾರ ಉಪವಾಸ ಇದ್ದೆ! ನನ್ನ ಮನೇಲಿ ಇದ್ಕೊಂಡು, ನನ್ನ ಬೋರ್ ನೀರಲ್ಲಿ ಬಟ್ಟೆ ಒಗ್ಕೊಂಡು, ನನ್ನ ರಾಣಿ ಹುಟ್ಟೇ ಇಲ್ಲ ಅಂತೀರಾ? ಅಗ್ರಿಮೆಂಟ್ ವಿಷ್ಯ ಸಂಜೆ ನೋಡ್ತೀನಿ!”

“ಆಂಟಿ, ಅದಕ್ಕೂ ಇದಕ್ಕೂ ಏನ್ ಸಂಬಂಧ?”

ಆಂಟಿ ಆಗಲೇ ಬಾಗಿಲು ಹಾಕಿಕೊಂಡಿದ್ದರು. ಕೀರ್ತನಾ ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದಳು. ಯೋಗಾನಂದ ಸಿಟ್ಟಿನಿಂದ ಕೈಯಲ್ಲಿದ್ದ ಷರಟನ್ನು ಕಲ್ಲಿನ ಮೇಲೆ ಕುಕ್ಕಿ, ಸೋಪು ಹಚ್ಚಿದ ಒಳಬಟ್ಟೆಗಳನ್ನು ಅಲ್ಲೇ ಬಿಟ್ಟು, ಕೈ ತೊಳೆದು ಹೊರಟ.

ಮೂಲೆ ಹೋಟೆಲಿಗೆ ಅವನು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಇಡ್ಲಿಯ ತಟ್ಟೆಯಲ್ಲಿ ಇಡ್ಲಿ ಮಾತ್ರ ಇತ್ತು.

“ಚಟ್ನಿ?”

“ಹುಟ್ಟೇ ಇಲ್ಲ ಸಾರ್,” ಅಂದ ಕೌಂಟರಿನವನು.

ಹಿಂದಿನಿಂದ ಒಂದು ಕೈ ಅವನ ಹೆಗಲ ಮೇಲೆ ಬಿತ್ತು. ಉಗ್ರಪ್ಪ. ಸೈಟು ಕೊಡಿಸುವವನು, ಸೈಟಿನ ಜಗಳ ಬಿಡಿಸುವವನು, ಜಗಳವಿಲ್ಲದ ಸೈಟಿಗೆ ಜಗಳ ತಂದು ಆಮೇಲೆ ಬಿಡಿಸುವವನು. ಅಭಿಮಾನಿ ಬಳಗದ ಅಧ್ಯಕ್ಷನೂ ಅವನೇ. ಆ ದಿನ ಸಂಜೆ ಹೊನ್ನಾಂಬೆಗೆ ಐನೂರನೇ ಎಪಿಸೋಡಿನ ಸಂಭ್ರಮ. ಮುಂದಿನ ಸರ್ಕಲ್ಲಿಗೆ ‘ರಾಣಿ ಹೊನ್ನಾಂಬೆ ವೃತ್ತ’ ಎಂದು ಬೋರ್ಡು ಹಾಕುವ ಕಾರ್ಯಕ್ರಮ.

“ಏನ್ ಮೇಷ್ಟ್ರೇ, ಇವತ್ತು ನಾನು ಬೋರ್ಡ್ ಹಾಕ್ಬೇಕು, ಇವತ್ತೇ ನೀವು ರಾಣಿನ ಕ್ಯಾನ್ಸಲ್ ಮಾಡ್ತೀರಾ?”

“ಉಗ್ರಪ್ಪನವರೇ, ಎಪಿಸೋಡ್ ಶುರು ಆಗೋ ಮುಂಚೆ ಅವ್ರೇ ಹೇಳ್ತಾರೆ, ಎಲ್ಲಾ ಕಾಲ್ಪನಿಕ ಅಂತ. ದಿನಾ ಗೋಡೆಯಿಂದ ಕೇಳಿಸ್ಕೊಳ್ತೀನಿ ನಾನು.”

“ಅದು ಕೋರ್ಟಿಗೆ ಹೆದರ್ಕೊಂಡು ಹೇಳೋದು. ಸಿಗರೇಟ್ ಸೇದಬೇಡಿ ಅಂತಾನೂ ಹಾಕ್ತಾರೆ. ಯಾವನ್ ಬಿಟ್ಟಿದಾನೆ?” ಉಗ್ರಪ್ಪ ಸುತ್ತ ನೋಡಿದ. ಹೋಟೆಲು ನಕ್ಕಿತು. “ಹೋಗ್ಲಿ, ಹುಟ್ಟೇ ಇಲ್ಲ ಅನ್ನೋಕೆ ನಿಮ್ಮ ಹತ್ರ ಏನ್ ಪ್ರೂಫ್ ಇದೆ? ಬರ್ತ್ ಸರ್ಟಿಫಿಕೇಟ್ ಇಲ್ಲಾಂದ್ರೆ ನಮ್ಮಜ್ಜಿನೂ ಹುಟ್ಟಿಲ್ವಾ?”

ಯೋಗಾನಂದ ಬರೀ ಇಡ್ಲಿ ನುಂಗಿದ. ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕೊಡಲು ಯಾರೂ ಮುಂದೆ ಬರಲಿಲ್ಲ.

ಶಾಲೆಯಲ್ಲಿ ಒಂಬತ್ತನೇ ತರಗತಿ ಎದ್ದು ನಿಲ್ಲಲಿಲ್ಲ. ಅವರಿಗೆ ಹಳೆಯ ಸಿಟ್ಟೂ ಇತ್ತು. ಹೋದ ಟೆಸ್ಟಿನಲ್ಲಿ ವಿಜಯನಗರ ಸಾಮ್ರಾಜ್ಯದ ಪತನಕ್ಕೆ ಕಾರಣ ಕೇಳಿದ್ದಕ್ಕೆ ಅರ್ಧ ಕ್ಲಾಸು ‘ಕೆಂಚರಸನ ಕುತಂತ್ರ ಮತ್ತು ಕಿರಿಯ ರಾಣಿಯ ಹೊಟ್ಟೆಕಿಚ್ಚು’ ಎಂದು ಬರೆದಿತ್ತು. ಯೋಗಾನಂದ ಸೊನ್ನೆ ಕೊಟ್ಟಿದ್ದ.

ಮೊದಲ ಪೀರಿಯಡ್ ಮುಗಿಯುವ ಮೊದಲೇ ಹೆಡ್‌ಮಾಸ್ಟರ್ ಮಡಿವಾಳಪ್ಪ ಕರೆಸಿದರು.

“ಏನ್ರೀ ಯೋಗಾನಂದ, ಬೆಳಿಗ್ಗೆಯಿಂದ ಪೇರೆಂಟ್ಸ್ ಫೋನು. ನನ್ನ ಹೆಂಡತಿ ಡಬ್ಬಿ ಕೊಟ್ಟಿಲ್ಲ. ನಿಮ್ಮ ಸ್ಕೂಲಿನ ಮೇಷ್ಟ್ರಂತೆ ಅಂತ ನನ್ನ ಮೇಲೆ ಎಗರಾಡ್ತಾಳೆ.”

“ಸಾರ್, ನಾನು ಹೇಳಿದ್ದು ನಿಜ.”

“ನಿಜ ಅಂತ ನಂಗೊತ್ತಿಲ್ವೇನ್ರೀ? ನಾನೂ ಎಂ.ಎ. ಹಿಸ್ಟರಿ!” ಅವರು ಬಾಗಿಲು ನೋಡಿ ದನಿ ತಗ್ಗಿಸಿದರು. “ನಿಜಾನ ಕ್ಲಾಸಲ್ಲಿ ಇಟ್ಕೊಳ್ರೀ. ಬೀದಿಗೆ ಯಾಕ್ ತರ್ತೀರಾ? ಸಂಜೆ ಫಂಕ್ಷನ್ನಿಗೆ ನಾನೇ ಚೀಫ್ ಗೆಸ್ಟು. ನೀವು ಸ್ಟೇಜ್ ಹತ್ತಿ ಐದ್ ನಿಮಿಷ ಹೊನ್ನಾಂಬೆ ಇತಿಹಾಸ ಹೇಳಿ ಇಳೀರಿ.”

“ಇಲ್ದಿರೋ ಇತಿಹಾಸಾನ?”

“ಇರೋದನ್ನ ಯಾರ್ ಕೇಳ್ತಾರ್ರೀ?”

ಮಧ್ಯಾಹ್ನ ಮನೆಗೆ ಬಂದರೆ ಅನಂತಲಕ್ಷ್ಮಿ ಗೇಟಿನಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಅಗ್ರಿಮೆಂಟ್, ಇನ್ನೊಂದರಲ್ಲಿ ಪೆನ್ನು. “ಮೊದಲು ಸ್ಟೇಜು. ಆಮೇಲೆ ಸಹಿ. ಬ್ಯಾಚುಲರ್‌ಗೆ ಬೇರೆ ಯಾರು ಮನೆ ಕೊಡ್ತಾರೋ ನೋಡ್ಕೊಳ್ಳಿ.”

ಯೋಗಾನಂದ ಹಾಸಿಗೆಯ ಮೇಲೆ ಕೂತು ಹಲ್ಲು ಕಡಿದ. ಗೋಡೆಗೆ ಒಂದು ಗುದ್ದು ಕೊಟ್ಟ. ಆಚೆಯಿಂದ “ಗೋಡೆ ನಮ್ದು!” ಎಂಬ ದನಿ ಬಂತು. ಇವರಿಗೆ ಸುಳ್ಳು ತಾನೇ ಬೇಕು? ಹೊಟ್ಟೆ ಬಿರಿಯುವಷ್ಟು ಕೊಡುತ್ತೇನೆ ಅಂದುಕೊಂಡ.

ಸಂಜೆ ಸರ್ಕಲ್ಲಿನಲ್ಲಿ ಶಾಮಿಯಾನ. ಫ್ಲೆಕ್ಸಿನಲ್ಲಿ ಹೊನ್ನಾಂಬೆ ಚಿಕ್ಕದಾಗಿ, ಉಗ್ರಪ್ಪ ದೊಡ್ಡದಾಗಿ. ಮೇಷ್ಟ್ರ ತಲೆಗೆ ಅಳತೆ ಮೀರಿದ ಪೇಟ ಇಟ್ಟರು. ಅದು ಕಿವಿಯವರೆಗೂ ಇಳಿಯಿತು. ಮೈಕಿನ ಮುಂದೆ ನಿಂತಾಗ ಹಿಂದಿನ ಸಾಲಿನಿಂದ “ಧಿಕ್ಕಾರ!” ಕೇಳಿಸಿತು.

“ಹೊನ್ನಾಂಬೆ ಇದ್ದಳು,” ಅಂದ ಯೋಗಾನಂದ.

ಚಪ್ಪಾಳೆ ಬಿತ್ತು.

“ಅವಳ ಬಗ್ಗೆ ಶಾಸನವೂ ಇತ್ತು.”

“ಎಲ್ಲಿದೆ?” ಯಾರೋ ಕೂಗಿದರು.

“ಒಡೆದು ಹಾಕಿದ್ದಾರೆ.”

“ಯಾವನ್ ಅವ್ನು?”

“ಕೆಂಚರಸ.”

ಜನ ಕೆರಳಿದರು. ಹೆಂಗಸರು ನೆಟಿಕೆ ಮುರಿದು ಶಾಪ ಹಾಕಿದರು. ಮಡಿವಾಳಪ್ಪ ಕಣ್ಣು ಮುಚ್ಚಿಕೊಂಡರು. ವರ್ಷಗಟ್ಟಲೆ ಓದಿ ಪಾಠ ಹೇಳಿದ್ದಕ್ಕೆ ಒಬ್ಬನೂ ತಟ್ಟದ ಚಪ್ಪಾಳೆ ಎರಡು ನಿಮಿಷದ ಸುಳ್ಳಿಗೆ ಬಿದ್ದಿತ್ತು. ಯೋಗಾನಂದನಿಗೆ ತಲೆಗೇರಿತು. ಮುಂದಿನ ಸಾಲಿನಲ್ಲಿ ಅನಂತಲಕ್ಷ್ಮಿ ಅಗ್ರಿಮೆಂಟನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. ಅವರ ಸಹಿಗೆ ಒಂದು ವಿಶೇಷ ಸುಳ್ಳು ಬೇಕಾಗಿತ್ತು.

“ಯುದ್ಧದಿಂದ ಮರಳುವಾಗ ಹೊನ್ನಾಂಬೆ ಇದೇ ಜಾಗದಲ್ಲಿ ತಂಗಿದಳು. ಒಂದು ಬಂಡೆಯ ಮೇಲೆ ಕಾಲಿಟ್ಟು ಕುದುರೆ ಹತ್ತಿದಳು. ಆ ಕುದುರೆಯ ಗೊರಸಿನ ಗುರುತು ಇಂದಿಗೂ ಆ ಕಲ್ಲಿನ ಮೂಲೆಯಲ್ಲಿದೆ. ಆ ಪುಣ್ಯದ ಕಲ್ಲು ಇರುವುದು ಎಲ್ಲಿ ಗೊತ್ತೇ? ನಮ್ಮ ಅನಂತಲಕ್ಷ್ಮಿ ಅಮ್ಮನವರ ಹಿತ್ತಿಲಿನಲ್ಲಿ!”

ಶಾಮಿಯಾನ ಎದ್ದು ನಿಂತಿತು. ಅನಂತಲಕ್ಷ್ಮಿ ಅಳುತ್ತಾ ಸ್ಟೇಜ್ ಹತ್ತಿ, “ಅದಕ್ಕೇ ಅವಳು ಅತ್ರೆ ನಂಗೂ ಅಳು ಬರ್ತಿತ್ತು!” ಎಂದು ಮೈಕಿನಲ್ಲಿ ಹೇಳಿ, ಉಗ್ರಪ್ಪನ ಬೆನ್ನಿನ ಮೇಲಿಟ್ಟು ಅಗ್ರಿಮೆಂಟಿಗೆ ಸಹಿ ಹಾಕಿದರು. ಯೋಗಾನಂದ ಕೈ ಚಾಚಿದ.

“ನಡೀರಿ, ಕಲ್ಲಿನ ದರ್ಶನ ಮಾಡೋಣ!” ಉಗ್ರಪ್ಪ ಗರ್ಜಿಸಿದ. ಅಗ್ರಿಮೆಂಟ್ ಆಕೆಯ ಕೈಯಲ್ಲೇ ಉಳಿಯಿತು. ತಮಟೆ ಶುರುವಾಯಿತು. ಬೀದಿ ಬೀದಿಯೇ ಅರಿಶಿನ, ಕುಂಕುಮ, ಹಾಲಿನ ಪ್ಯಾಕೆಟ್ ಹಿಡಿದು ಹೊರಟಿತು. ಅರ್ಧ ದಾರಿಯಲ್ಲಿ ಯೋಗಾನಂದನಿಗೆ ಬೆಳಗಿನ ಬಟ್ಟೆ ನೆನಪಾಯಿತು. ಓಡಲು ನೋಡಿದ. ಪೇಟ ಕಣ್ಣಿಗಿಳಿದು ಕಾಣದೆ ಸ್ಕೂಟರಿಗೆ ಡಿಕ್ಕಿ ಹೊಡೆದ.

ಅವನು ಹಿತ್ತಿಲಿಗೆ ಬರುವಷ್ಟರಲ್ಲಿ ತಮಟೆ ನಿಂತಿತ್ತು. ಅಷ್ಟೂ ಮೊಬೈಲುಗಳ ಬೆಳಕು ಕಲ್ಲಿನ ಮೇಲಿತ್ತು. ಕಲ್ಲಿನ ಮೇಲೆ ಒಂದು ಷರಟು, ಒಂದು ಬನಿಯನ್, ಎರಡು ಚಡ್ಡಿ ಬಿಸಿಲಿಗೆ ಒಣಗಿ ಹಪ್ಪಳದಂತೆ ಸೆಟೆದುಕೊಂಡಿದ್ದವು. ಕುದುರೆಯ ಗೊರಸಿನ ಗುರುತಿನಲ್ಲಿ ಅರ್ಧ ಸೋಪು ಇತ್ತು.

“ಯಾರ್ದಿದು?” ಉಗ್ರಪ್ಪ ಕೇಳಿದ.

“ಮೇಷ್ಟ್ರದ್ದು,” ಅಂದಳು ಕೀರ್ತನಾ.

ಅನಂತಲಕ್ಷ್ಮಿ ನಿಧಾನವಾಗಿ ತಿರುಗಿದರು. “ಗೊತ್ತಿಲ್ದೆ ಒಗೆದಿದ್ರೆ ಕ್ಷಮಿಸ್ತಿದ್ದೆ. ನಿಮಗೆ ಗೊತ್ತಿತ್ತು! ರಾಣಿ ಕಾಲಿಟ್ಟ ಕಲ್ಲು ಅಂತ ಗೊತ್ತಿದ್ದೂ ಅದರ ಮೇಲೆ ಚಡ್ಡಿ ಒಗೀತಿದ್ರಿ!”

“ಅಯ್ಯೋ, ಗೊತ್ತಿರ್ಲಿಲ್ಲ ಆಂಟಿ! ಅಂದ್ರೆ ಗೊತ್ತಿರೋಕೆ ಏನೂ ಇಲ್ಲ! ಕಲ್ಲು ಸುಳ್ಳು, ಕುದುರೆ ಸುಳ್ಳು. ಈಗ ಸ್ಟೇಜ್ ಮೇಲೆ ನಾನೇ ಕಟ್ಟಿ ಹೇಳಿದ್ದು!”

“ಈಗ ಅರ್ಥ ಆಯ್ತು ನಂಗೆ,” ಉಗ್ರಪ್ಪ ಅವನ ಕಾಲರ್ ಹಿಡಿದ. “ಕಲ್ಲಿನ ಗುಟ್ಟು ಹೊರಗೆ ಬಂದ್ರೆ ಬಟ್ಟೆ ಒಗೆಯೋ ಜಾಗ ಹೋಗುತ್ತೆ ಅಂತಾನೇ ಬೆಳಿಗ್ಗೆ ರಾಣಿ ಹುಟ್ಟೇ ಇಲ್ಲ ಅಂದಿದಾನೆ ಈ ಕೆಂಚರಸ!”

“ಕೆಂಚರಸ! ಕೆಂಚರಸ!” ಹಿತ್ತಿಲು ಕೂಗಿತು. ಯೋಗಾನಂದ ಸಹಾಯಕ್ಕೆಂದು ಮಡಿವಾಳಪ್ಪನವರತ್ತ ನೋಡಿದ. ಎಂ.ಎ. ಹಿಸ್ಟರಿ ಕಲ್ಲಿಗೆ ಕೈ ಮುಗಿದು ನಿಂತಿತ್ತು.

ಉಗ್ರಪ್ಪ ಒಂದು ಕೋಲಿನಿಂದ ಬಟ್ಟೆಗಳನ್ನೂ ಸೋಪನ್ನೂ ಮೋರಿಗೆ ತಳ್ಳಿದ. ಕಲ್ಲಿಗೆ ಹಾಲು ಸುರಿಯಿತು. ಅನಂತಲಕ್ಷ್ಮಿ ಅಗ್ರಿಮೆಂಟನ್ನು ನಾಲ್ಕಾಗಿ ಹರಿದು, “ಅಮ್ಮನ ಸನ್ನಿಧಿ ಇದು. ಈ ಪೋರ್ಶನ್ನು ಪೂಜೆ ಸಾಮಾನಿಗೆ ಬೇಕು. ಈಗಲೇ ಖಾಲಿ ಮಾಡಿ,” ಅಂದರು.

ಯೋಗಾನಂದ ಸೂಟ್‌ಕೇಸ್ ಹಿಡಿದು ಗೇಟಿಗೆ ಬಂದಾಗ ಸೇತುರಾಮ ಒಬ್ಬರೇ ನಿಂತಿದ್ದರು. ಸುತ್ತ ನೋಡಿ ಪಿಸುಗುಟ್ಟಿದರು.

“ಆ ಗುಳಿ ನಾನೇ ಕೆತ್ತಿಸಿದ್ದು ಮೇಷ್ಟ್ರೇ. ಮನೆ ಕಟ್ಟಿಸೋವಾಗ. ಸೋಪ್ ಜಾರಿ ಬೀಳುತ್ತೆ ಅಂತ.”

“ಹಂಗಂತ ಒಳಗೆ ಹೋಗಿ ಹೇಳಿ ಸಾರ್!”

“ನಾನಾ?” ಸೇತುರಾಮ ಒಂದು ಹೆಜ್ಜೆ ಹಿಂದೆ ಸರಿದರು. “ನಾನೂ ಇದೇ ಮನೇಲಿ ಇರ್ಬೇಕಲ್ಲಪ್ಪ.”

ಎಂಟೂವರೆಯಾಯಿತು. ಹಿತ್ತಿಲು ಒಂದೇ ಉಸಿರಿಗೆ ಖಾಲಿಯಾಗಿ ಎಲ್ಲರೂ ಅವರವರ ಮನೆಗೆ ಓಡಿದರು. ಬೀದಿಯ ಎಲ್ಲ ಕಿಟಕಿಗಳಿಂದ ಒಂದೇ ಗಂಭೀರ ದನಿ ಹೊರಬಂತು: “ಈ ಧಾರಾವಾಹಿಯಲ್ಲಿ ಬರುವ ಎಲ್ಲ ಪಾತ್ರಗಳೂ ಘಟನೆಗಳೂ ಕೇವಲ ಕಾಲ್ಪನಿಕ.”

ಆ ದಿನ ಯೋಗಾನಂದ ಕಳೆದುಕೊಂಡದ್ದು ಒಂದು ಮನೆ, ಒಂದು ಷರಟು, ಒಂದು ಬನಿಯನ್, ಎರಡು ಚಡ್ಡಿ, ಅರ್ಧ ಸೋಪು.