ಕಾಕಾನ ಕಾಂಪ್ಲೆಕ್ಸಿನ ತಲಿ ಮ್ಯಾಲ ಹುಲ್ಲು

ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳ್ಯಾಗ ಟೇಲರ್ ಅದೇನಿ. ಹತ್ತನೇತ್ತಾ ಪಾಸಾಗಿದ್ದು ಮೂವತ್ತೆಂಟನೇ ವಯಸ್ಸಿಗೆ. ಮೊಬೈಲಿನ್ಯಾಗ ಒಂದ ಬೆರಳಿಲೆ ಒತ್ತಿ ಒತ್ತಿ ಬರ್ಯಾಕತ್ತೇನಿ. ತಪ್ಪಿದ್ರ ಹೊಟ್ಯಾಗ ಹಾಕ್ಕೊಳ್ರಿ. ಹೊಲಿಗಿ ತಪ್ಪಿದ್ರ ಬಿಚ್ಚಿ ಹೊಲದು ಕೊಡ್ತೇನಿ, ಅಕ್ಷರಕ್ಕ ಆ ಗ್ಯಾರಂಟಿ ಇಲ್ಲ.

ನಮ್ಮ ಕಾಕಾ, ಅಂದ್ರ ನಮ್ಮಪ್ಪನ ತಮ್ಮ, ಅವರ ತಲಿ ಮ್ಯಾಲ ಒಂದ ಕೂದಲಿಲ್ಲ. ಆದ್ರ ಅವರ ಕಾಂಪ್ಲೆಕ್ಸಿನ ತಲಿ ಮ್ಯಾಲ ಮೊಣಕಾಲುದ್ದ ಹುಲ್ಲ ಐತಿ! ದಿನಾ ಮುಂಜಾನೆ ಅದಕ್ಕ ನೀರ ಹಾಕಿ, ಬಗ್ಗಿ ಮಾತಾಡಿಸಿ ಬರ್ತಾರ. ಇಂಥಾವ್ರು ನಿಮ್ಮ ಮನ್ಯಾಗ ಯಾರರ ಅದಾರೇನ್ರಿ?

ಕಾಂಪ್ಲೆಕ್ಸ್ ಅಂದ್ರ ಮೂರ ಅಂತಸ್ತಿಂದು. ತಳದಾಗ ಕಾಕಾನ ಗೋಣಿಚೀಲದ ಅಂಗಡಿ. ತುದೀ ಅಂತಸ್ತಿನ್ಯಾಗ ನನ್ನ ಟೇಲರಿಂಗ್ ಅಂಗಡಿ, ಬಾಜೂಕ ಒಬ್ರು ಅಕ್ಕಾರ ಝೆರಾಕ್ಸ್ ಅಂಗಡಿ. ನಮ್ಮಿಬ್ಬರ ನೆತ್ತಿ ಮ್ಯಾಲ ಬರೇ ಸ್ಲ್ಯಾಬ್, ಅದರ ಮ್ಯಾಲ ಸೂರ್ಯ. ಬ್ಯಾಸಗ್ಯಾಗ ಫ್ಯಾನ್ ಹಾಕಿದ್ರ ತಂದೂರಿ ರೊಟ್ಟಿಗೆ ಗಾಳಿ ಬೀಸಿದಂಗ. ಹೋದ ವರ್ಷ ಇಸ್ತ್ರಿ ಕೈಯಾಗ ಹಿಡಕೊಂಡ ತಲಿ ತಿರುಗಿ ಬಿದ್ದೆ. ಇಸ್ತ್ರಿ ಒಂದ ಕಡೆ, ನಾ ಒಂದ ಕಡೆ. ಎದ್ದ ಕೂತ ಮ್ಯಾಲ ಕಾಕಾಗ ಅಂದೆ, "ಕಾಕಾ, ಇನ್ನೊಂದ ಬ್ಯಾಸಗಿ ನೋಡಿ ಅಂಗಡಿ ಖಾಲಿ ಮಾಡ್ತೇನ್ರಿ. ರೆಡಿಮೇಡ್ ಫ್ಯಾಕ್ಟರ್ಯಾಗ ಕೆಲಸಕ್ಕ ಕರದಾರ."

ಹದಿನಾರ ವರ್ಷದ ಅಂಗಡಿ ಅದು. ಕಾಕಾ "ಹೂಂ" ಅಂದು ಕೆಳಗ ಹೋದ್ರು. ಕಲ್ಲ ಮನಸಿನಾವ್ರು ಅನ್ಕೊಂಡೆ.

ವಾರ ಕಳೀತು. ಕಾಂಪ್ಲೆಕ್ಸಿನ ಮುಂದ ಟ್ರ್ಯಾಕ್ಟರ್ ಬಂದ ನಿಂತಿತು. ತುಂಬ ಕರೀ ಎರಿ ಮಣ್ಣು, ಅವರ ಹೊಲದ್ದು.

"ಇದ್ಯಾಕ್ರಿ ಕಾಕಾ?"

"ನಮ್ಮ ಹಳೇ ಮನಿ ಮಾಳಗಿ ಮ್ಯಾಲ ಮಣ್ಣಿತ್ತಿಲ್ಲ? ಒಳಗ ಹೆಂಗ ತಂಪಿತ್ತು! ಅಲ್ಲೆ ಸಾದಾ ಬಿಳಿ ಮಣ್ಣ ಹಾಕಿದ್ರು. ನಾ ಎರಿ ಮಣ್ಣ ಹಾಕ್ತೇನಿ. ಹತ್ತಿ ಬೆಳಿಯೂ ಮಣ್ಣೋ ಇದು!"

ಮೊದಲನೇ ದೊಡ್ಡ ಮಳಿ ಬಂತು. ಎರಿ ಮಣ್ಣಿನ ಗುಣ ನಿಮಗೆ ಗೊತ್ತಲ್ರಿ, ನೀರ ಕುಡದು ಉಬ್ಬತೈತಿ, ಬಿಡೂದಿಲ್ಲ. ಮದಿವಿಗಂತ ಒಬ್ಬರು ಕೊಟ್ಟ ಬಿಳಿ ಅಂಗಿ ಮ್ಯಾಲ ಸ್ಲ್ಯಾಬಿನಿಂದ ಟಪ್ ಟಪ್ ಅಂತ ಕರಿ ಹನಿ. ಗಿರಾಕಿ ಅಂಗಿ ಎತ್ತಿ ಹಿಡದು ಕೇಳಿದ, "ಟೇಲರ್ ಸಾಹೇಬ್ರ, ಈ ಬುಟ್ಟಾ ಡಿಸೈನ್ ನಾ ಹೇಳಿದ್ದಿಲ್ಲಲ್ರಿ?" ಹೊಸಾ ಬಟ್ಟಿ ತಂದು ಹೊಲದು ಕೊಟ್ಟೆ.

ಎಂಜಿನಿಯರ್ ಬಂದು ನೋಡಿ ಹಣಿ ಹಿಡಕೊಂಡ್ರು. "ಯಜಮಾನ್ರ, ತೊಯ್ದ ಎರಿ ಮಣ್ಣಂದ್ರ ಸ್ಲ್ಯಾಬಿನ ಮ್ಯಾಲ ಆನಿ ಹಿಂಡ ಕಟ್ಟಿದಂಗ. ಇವತ್ತ ಇಳಸ್ರಿ."

ಇಳಸಾಕ ಗೋಣಿಚೀಲಕ್ಕೇನ ಕಮ್ಮಿ? ಎರಡ ದಿನ ಮಣ್ಣ ಹೊತ್ತು ಇಳಿಸಿದ್ವಿ. ಇಲ್ಲಿಗೆ ಮುಗೀತು ಅನ್ಕೊಂಡೆ. ಕಾಕಾ ಅಂದ್ರು, "ಮಣ್ಣ ತಪ್ಪಿರಬೇಕು, ವಿಚಾರ ತಪ್ಪಿಲ್ಲ."

ಎಂಜಿನಿಯರ್ ಹೇಳಿದಂಗ ಸ್ಲ್ಯಾಬಿಗೆ ನೀರ ಸೋರದಂಗ ಬಳದು, ಮ್ಯಾಲ ದಪ್ಪ ಪ್ಲಾಸ್ಟಿಕ್ ಹಾಳಿ ಹಾಸಿ, ನೀರ ಹರದ ಹೋಗಾಕ ದಾರಿ ಬಿಟ್ಟು, ತೆಂಗಿನ ನಾರಿನ ಪುಡಿಯಾಗ ಒಂಚೂರು ಕೆಂಪ ಮಣ್ಣ ಕಲಿಸಿ ಗೇಣಿಗಿಂತ ಕಮ್ಮಿ ಹಾಕಿದ್ರು. ಹುಲ್ಲು, ಮೆಂತೆ, ರಾಜಗಿರಿ ಎದ್ದು ನಿಂತ್ವು. ಗುಬ್ಬಿ ಬಂದ್ವು. ಕಾಕಾನ ಕಾಲು ನೆಲದ ಮ್ಯಾಲ ನಿಲ್ಲದಂಗಾತು. ಚೀಲ ಕೊಳ್ಳಾಕ ಬಂದಾವ್ರಿಗೆ, "ಚೀಲ ಆಮ್ಯಾಲ, ಮೊದಲ ಮ್ಯಾಲ ಬರ್ರಿ." ಮೂರ ಅಂತಸ್ತ ಹತ್ತಿ ಹುಲ್ಲ ನೋಡಿ, ಮಳಿ ನೀರ ಹೆಂಗ ಸಾವಕಾಶ ಇಳೀತೈತಿ, ಸ್ಲ್ಯಾಬ್ ಹೆಂಗ ಬಿರಿಯೂದಿಲ್ಲ ಅಂತ ಕೇಳಿ ಇಳೀಬೇಕು. ಮೊಣಕಾಲ ಬ್ಯಾನಿ ಇದ್ದಾವ್ರು ಈಗ ಬ್ಯಾರೆ ಅಂಗಡಿ ಹಿಡದಾರ.

ಈ ಬ್ಯಾಸಗ್ಯಾಗ ಇನ್ನೊಂದ ಚಟ ಹತ್ತಿತು. ದಿನಾ ಮಧ್ಯಾಹ್ನ ನನ್ನ ಕಟಿಂಗ್ ಟೇಬಲ್ ಹತ್ತಿ ನಿಂತು ಸ್ಲ್ಯಾಬಿಗೆ ಅಂಗೈ ಹಚ್ಚಿ ನೋಡೂದು.

"ಕಾಕಾ, ಗಿರಾಕಿ ಪ್ಯಾಂಟಿನ ಮ್ಯಾಲ ನಿಂತೀರಿ."

"ಸುಮ್ನಿರೋ ತಮ್ಮಾ, ಜ್ವರಾ ನೋಡಾಕತ್ತೇನಿ."

ಮೊನ್ನೆ ಝೆರಾಕ್ಸ್ ಅಂಗಡಿ ಅಕ್ಕಾರು ಸೆರಗಿಲೆ ಗಾಳಿ ಬೀಸ್ಕೋತ ಬಂದ್ರು. "ಅಲ್ರೀ ಅಣ್ಣಾ, ಒಂದ ಗ್ವಾಡಿ ಆಚೆ ನಾ ಬೇಯಾಕತ್ತೇನಿ, ನೀವು ಕಾಲರ್ ಗುಂಡಿ ಹಾಕ್ಕೊಂಡ ಕೂತೀರಿ. ಇದ್ಯಾವ ನ್ಯಾಯರಿ?"

ಖರೇನ. ನನಗ ಆವಾಗ ಡೌಟ್ ಬಂತು. ಟೇಪ್ ಕೊರಳಾಗ ಇತ್ತು, ಹಂಗ ಮ್ಯಾಲ ಹೋಗಿ ಹುಲ್ಲಿನ ಪಟ್ಟಿ ಅಳದೆ. ಉದ್ದ, ಅಗಲ. ಕೆಳಗ ಬಂದು ನನ್ನ ಅಂಗಡಿ ಅಳದೆ. ಇಪ್ಪತ್ತ ವರ್ಷ ಮಂದಿ ಅಳತಿ ತಗೊಂಡೇನ್ರಿ, ಇಷ್ಟ ಕರೆಕ್ಟ್ ಫಿಟಿಂಗ್ ನೋಡಿದ್ದಿಲ್ಲ. ಇಡೀ ಮಾಳಗಿ ಬಿಟ್ಟು ನನ್ನ ನೆತ್ತಿ ಮ್ಯಾಲ ಅಷ್ಟ ಹುಲ್ಲು.

ಕಾಕಾ ನೀರಿನ ಪೈಪ್ ಹಿಡಕೊಂಡ ಹಿಂದ ನಿಂತಿದ್ರು. ನಾ ಕೇಳೂದ್ರಾಗ ಅಂದ್ರು, "ಅಕ್ಕಾರದು ಬರೂ ವರ್ಷ ಮಾಡೂಣು. ಮೊದಲ ಬಿದ್ದಾವಂದು." ಆಮ್ಯಾಲ ಬ್ಯಾರೆ ಕಡೆ ನೋಡ್ಕೋತ, "ಖಾಲಿ ಮಾಡ್ತೇನಂದಿದ್ದೆಲ್ಲ. ಏನ್ ಮಾಡಿದಿ?"

"ಫ್ಯಾಕ್ಟರಿಗೆ ಬರೂದಿಲ್ಲಂತ ಹೇಳೇನ್ರಿ ಕಾಕಾ. ಅಂಗಡಿಗೆ ಹೊಸಾ ಬೋರ್ಡ್ ಬರಸಾಕ ಹಾಕೇನಿ."

ಕಾಕಾ "ಹೂಂ" ಅಂದ್ರು. ಒದ್ದಿ ಕೈ ಧೋತರಕ್ಕ ಒರಸ್ಕೊಂಡು ನನ್ನ ಹಣಿಗೆ ಅಂಗೈ ಹಚ್ಚಿ ನೋಡಿದ್ರು. ಸ್ಲ್ಯಾಬಿಗೆ ಹಚ್ಚತಾರಲ್ಲ, ಹಂಗ.

ನಿಮ್ಮ ಮನ್ಯಾಗೂ "ಹೂಂ" ಅಂತಷ್ಟ ಹೇಳಿ ಸುಮ್ನ ಹೋಗಾವ್ರು ಯಾರರ ಇದ್ರ ಬರೀರಿ. ಸಾವಕಾಶ ಓದತೇನಿ, ಆದ್ರ ಎಲ್ಲಾ ಓದತೇನಿ.