ಕೂತು ಕೇಳಬೇಕಾದ ಸುದ್ದಿ

ಕೋಕ್‌ಕಾಪ್ಕಾ ನಗರದಲ್ಲಿ ಕುಡಿಯುವ ನೀರಿನ ಕೊಳವೆ ಒಡೆದದ್ದು ಜೂನ್ ಹನ್ನೊಂದರಂದು. ಒಡೆದಿದೆ ಎಂದು ನಗರಸಭೆ ಒಪ್ಪಿಕೊಂಡದ್ದು ಜುಲೈ ಇಪ್ಪತ್ತೊಂಬತ್ತರಂದು, ರಿಪೇರಿ ಮುಗಿದ ಮರುದಿನ. ನಡುವಿನ ದಿನಗಳಲ್ಲಿ ನಗರಸಭೆ ಕೈಕಟ್ಟಿ ಕೂತಿತ್ತೆಂದು ಯಾರೂ ದೂರುವಂತಿಲ್ಲ. ಅದು ಮೂವತ್ತೊಂದು ಪ್ರಕಟಣೆಗಳನ್ನು ಹೊರಡಿಸಿತು, ಒಂದು ನಿಯಮಾವಳಿ ರಚಿಸಿತು, ನಾಲ್ಕು ನೂರು ಟೋಪಿ ಹೊಲಿಸಿತು.

ಪ್ರಕಟಣಾ ವಿಭಾಗದ ಟೈಪಿಸ್ಟ್ ಬುರುಲ್‌ಳ ಮೇಜಿಗೆ ಜಿಲ್ಲಾ ಪ್ರಯೋಗಾಲಯದ ಕಾಗದ ಬಂದದ್ದು ಜೂನ್ ಹದಿಮೂರರ ಬೆಳಿಗ್ಗೆ. ದನದ ಸಂತೆಯ ಹಿಂದೆ ಚರಂಡಿ ನೀರು ಕುಡಿಯುವ ನೀರಿಗೆ ಸೇರುತ್ತಿದೆ, ಕುಡಿದವರ ಹೊಟ್ಟೆ ಕೆಡುತ್ತದೆ ಎಂದು ಅದರಲ್ಲಿ ಬರೆದಿತ್ತು. ಬುರುಲ್ ಚಹಾ ಪಕ್ಕಕ್ಕಿಟ್ಟು ಟೈಪ್ ಮಾಡಿದಳು: ‘ಕೊಳವೆ ನೀರು ಕೆಟ್ಟಿದೆ. ಕುದಿಸಿ ಕುಡಿಯಿರಿ.’ ಒಟ್ಟು ಐದೇ ಪದ. ಇಷ್ಟು ಚಿಕ್ಕ ಪ್ರಕಟಣೆ ಆ ಕಚೇರಿಯಿಂದ ಅದುವರೆಗೆ ಹೊರಟಿರಲಿಲ್ಲ, ಇದೂ ಹೊರಡಲಿಲ್ಲ.

ಅವಳ ಅವಸರಕ್ಕೆ ಕಾರಣ ಮನೆಯಲ್ಲಿತ್ತು. ಅತ್ತೆ ಜಿಪಾರ್ ಅಪಾಗೆ, ನಮ್ಮ ಮಾತಿನಲ್ಲಿ ಜಿಪಾರಮ್ಮನಿಗೆ, ಎಪ್ಪತ್ತೊಂಬತ್ತು ವರ್ಷ. ಮೊಸರಿಗೆ ಉಪ್ಪು, ತಣ್ಣೀರು ಬೆರೆಸಿ ಕಡೆದ ಚಲಾಪ್ ದಿನಕ್ಕೆ ಆರು ಬಟ್ಟಲು ಕುಡಿಯುವ ಜೀವ. ಜಗುಲಿಯಲ್ಲಿ ಎರಡು ಕ್ಯಾನು, ಒಂದು ಬಿಳಿ, ಒಂದು ನೀಲಿ, ಎರಡರಲ್ಲೂ ಚಲಾಪ್. ಚಲಾಪ್‌ಗೆ ಕಾಯಿಸಿದ ನೀರು ಹಾಕುವವರನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಕಾಯಿಸಿದ್ದು ಸತ್ತ ನೀರು, ಅದರಲ್ಲಿ ರುಚಿಯಿಲ್ಲ. ಹಾಗಾದರೆ ಬುರುಲ್ ಮನೆಗೆ ಹೋಗಿ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಕೇಳುವವರು ಅಲ್ಲಿನ ಸೊಸೆಯಾಗಿ ಒಂದು ವಾರ ಬಾಳಿ ನೋಡಲಿ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದರೂ ಸೊಸೆ ಸೊಸೆಯೇ. ‘ಅಪಾ, ನಿಮ್ಮ ಕೈಯ ಚಲಾಪ್‌ನಲ್ಲಿ ಚರಂಡಿ ಇದೆ’ ಎಂಬುದು ಅವಳ ಬಾಯಲ್ಲಿ ಬರುವ ಮಾತಲ್ಲ. ನಗರಸಭೆಯೇ ಹೇಳಬೇಕು.

ನಗರಾಧ್ಯಕ್ಷರು ನೀರಿನ ಸಮಸ್ಯೆಯ ಅಧ್ಯಯನಕ್ಕೆಂದು ಸರೋವರದ ದಡದ ವಿಶ್ರಾಂತಿಗೃಹಕ್ಕೆ ಹೋಗಿದ್ದರು. ಹಾಗಾಗಿ ಕಾಗದ ಉಪಾಧ್ಯಕ್ಷ ಶರಿಪ್ ಕಾಸಿಮೊವಿಚ್ ಅವರ ಮುಂದೆ ಹೋಯಿತು. ಅವರು ಬಾಟಲಿಯ ಖನಿಜ ನೀರು ಕುಡಿಯುತ್ತ ಓದಿದರು.

“ಇದೇನು ಬುರುಲ್?”

“ಪ್ರಕಟಣೆ, ಶರಿಪ್ ಕಾಸಿಮೊವಿಚ್. ನೀರು ಕೆಟ್ಟಿದೆ ಅಂತ.”

“ಅದು ಗೊತ್ತಾಯ್ತು. ಹಿಂಗಾ ಹೇಳೋದು? ನಿಮ್ಮ ತಾತ ತೀರಿಕೊಂಡಾಗ ನಿಮ್ಮಜ್ಜಿಗೆ ಹೆಂಗೆ ಹೇಳಿದ್ರು? ಬಾಗಿಲಲ್ಲಿ ನಿಂತು ‘ನಿನ್ ಗಂಡ ಹೋದ’ ಅಂತ ಕೂಗಿದ್ರಾ?”

“ಇಲ್ಲ. ಹಿರಿಯರು ಬಂದು, ಕೂತು, ಉಂಡು, ಕುದುರೆ ವಿಷಯ ಮಾತಾಡಿ... ಆಮೇಲೆ ‘ಕೈಮೇಲಿನ ಗಿಡುಗ ಹಾರಿಹೋದ್ರೆ ಏನ್ ಮಾಡೋದಮ್ಮ’ ಅಂತ ಕೇಳಿದ್ರಂತೆ.”

“ನೋಡು! ಅದು ಸಂಸ್ಕಾರ. ಇದು ಕುರಿ ಅಟ್ಟೋ ಮಾತು. ನಾಲ್ಕು ಸಾವಿರದ ಮುನ್ನೂರು ಮನೆಗೆ ಕೆಟ್ಟ ಸುದ್ದಿನ ಕಾಗದದಲ್ಲಿ ಬರೆದು ಎಸೆಯೋದಾ? ನಾವೇನು ಅನಾಗರಿಕರಾ?”

ಶರಿಪ್ ಕಾಸಿಮೊವಿಚ್ ಸುಳ್ಳುಗಾರರಲ್ಲ. ಸತ್ಯವನ್ನು ಹೇಳಬಾರದೆಂದು ಅವರು ಎಂದೂ ಅಂದವರಲ್ಲ. ಕ್ರಮವಾಗಿ ಹೇಳಬೇಕೆಂದಷ್ಟೇ ಅವರ ಹಟ. ಎರಡೇ ದಿನದಲ್ಲಿ ‘ಅಪ್ರಿಯ ಸುದ್ದಿಗಳ ಮೃದು ನಿವೇದನಾ ನಿಯಮಾವಳಿ’ ಸಿದ್ಧವಾಯಿತು. ಮುಖ್ಯ ನಿಯಮಗಳು ಇವು: ನಿವೇದಕರು ಅರವತ್ತು ದಾಟಿದ, ಗಡ್ಡವುಳ್ಳ ಹಿರಿಯರಾಗಿರತಕ್ಕದ್ದು. ಸುದ್ದಿಯನ್ನು ನಿಂತು ಹೇಳತಕ್ಕದ್ದಲ್ಲ. ಮನೆಯವರ ಆತಿಥ್ಯವನ್ನು ಸ್ವೀಕರಿಸುವ ಮುನ್ನ ನೀರಿನ ಪ್ರಸ್ತಾಪ ಮಾಡತಕ್ಕದ್ದಲ್ಲ. ನಾಗರಿಕ ರೋಗಿಯೊಬ್ಬನಾದರೂ ದಾಖಲಾಗುವವರೆಗೆ ಕೊಳವೆ ಒಡೆದಿದೆಯೆಂದು ಭಾವಿಸತಕ್ಕದ್ದಲ್ಲ.

ಎಂಟು ಮಂದಿ ಹಿರಿಯರ ನೇಮಕವಾಯಿತು. ಪ್ರತಿಯೊಬ್ಬರಿಗೂ ಒಂದು ಹೊಸ ಬಿಳಿ ಉಣ್ಣೆ ಟೋಪಿ. ಎಂಟು ಜನಕ್ಕೆ ನಾಲ್ಕು ನೂರು ಟೋಪಿ ಏಕೆ ಎಂದು ಲೆಕ್ಕ ವಿಭಾಗ ಕೇಳಿತು. ಹೊಲಿಯುವವರು ಉಪಾಧ್ಯಕ್ಷರ ಭಾವಮೈದುನರು ಎಂದು ಉತ್ತರ ಬಂದ ಮೇಲೆ ಲೆಕ್ಕ ಸರಿಹೋಯಿತು. ಒಬ್ಬರು ದಿನಕ್ಕೆ ಮೂರು ಮನೆಯಂತೆ ಹೋದರೆ ಡಿಸೆಂಬರ್ ಹೊತ್ತಿಗೆ ಸುದ್ದಿ ಇಡೀ ಊರಿಗೆ ಮುಟ್ಟುವುದೆಂದು ಅಂದಾಜಿಸಲಾಯಿತು. ಡಿಸೆಂಬರಿನಲ್ಲಿ ನೀರು ಹೆಪ್ಪುಗಟ್ಟುವುದರಿಂದ ಯಾರೂ ಗಾಬರಿಯಾಗಬೇಕಿಲ್ಲ ಎಂದೂ ಟಿಪ್ಪಣಿ ಬರೆಯಲಾಯಿತು.

ಬುರುಲ್ ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದ ಮೊದಲ ಪ್ರಕಟಣೆ ಹೀಗಿತ್ತು: ‘ನಾಗರಿಕರಿಗೆ ಒಂದು ವಿಷಯ ತಿಳಿಸುವುದಿದೆ. ವಿಷಯವೇನೆಂದು ತಿಳಿಯಲು ಮನೆಯಲ್ಲೇ ಕೂತಿರತಕ್ಕದ್ದು.’

ಮೊದಲು ಹೊರಟವರು ತುರ್ದಾಕುನ್ ಅಕ್ಸಕಾಲ್ (ಬಿಳಿಗಡ್ಡದ ಹಿರಿಯರನ್ನು ಅಲ್ಲಿ ಹಾಗೆ ಕರೆಯುವುದು), ಎಪ್ಪತ್ತೆರಡರ ಗಟ್ಟಿ ಮುದುಕ, ಒಂದು ಕಾಲದಲ್ಲಿ ಶಾಲೆಯ ವ್ಯಾಯಾಮದ ಮೇಷ್ಟರು. ಬಿಸಿಲು ನೆತ್ತಿ ಸುಡುತ್ತಿತ್ತು. ಮೊದಲ ಮನೆಯಲ್ಲಿ ಕೂತರು, ರೊಟ್ಟಿ ಮುರಿದರು, ತಣ್ಣನೆಯ ಚಲಾಪ್ ಬಂತು. ನೀರು ಕೆಟ್ಟಿದೆಯೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಅದನ್ನೇ ಹೇಳಲು ಬಂದದ್ದು. ಆದರೆ ಕುಡಿಯದೆ ಹೇಳುವುದು ನಿಯಮಕ್ಕೆ ವಿರುದ್ಧ, ನೀಡಿದ ಬಟ್ಟಲನ್ನು ಬೇಡವೆನ್ನುವುದು ಹುಟ್ಟುಗುಣಕ್ಕೇ ವಿರುದ್ಧ. ಮೊದಲ ಬಟ್ಟಲಿಗೆ ಕುರಿಗಳ ಯೋಗಕ್ಷೇಮ ಮುಗಿಯಿತು, ಎರಡನೆಯದಕ್ಕೆ ರಷ್ಯಾದಲ್ಲಿ ದುಡಿಯುವ ಮಗನದು. ಮೂರನೆಯದಕ್ಕೆ ಅವರು ಮೆಲ್ಲಗೆ ಕೆಮ್ಮಿದರು.

“ಒಂದು ನದಿಗೆ ಮಕ್ಕಳ ಮೇಲೆ ಮುನಿಸು ಬಂದ್ರೆ ಏನ್ ಮಾಡ್ಬೇಕಮ್ಮ?”

“ಅಯ್ಯೋ, ನೀರು ಕೆಟ್ಟಿದ್ಯಾ ಅಕ್ಸಕಾಲ್!” ಎಂದು ಮನೆಯಾಕೆ ಕೆನ್ನೆಗೆ ಕೈಯಿಟ್ಟಳು. “ನಮಗೆ ಗೊತ್ತೇ ಇರ್ಲಿಲ್ಲ. ಬಿಸಿಲಲ್ಲಿ ಇಷ್ಟು ದೂರ ಬಂದು ಹೇಳಿದ್ರಿ. ಇನ್ನೊಂದು ಬಟ್ಟಲು ತಗೊಳ್ಳಿ.”

ನಾಲ್ಕನೆಯ ದಿನ ತುರ್ದಾಕುನ್ ಸಾಂಕ್ರಾಮಿಕ ರೋಗಗಳ ವಾರ್ಡಿನಲ್ಲಿದ್ದರು. ವಾರದೊಳಗೆ ಉಳಿದ ಏಳು ಮಂದಿಯೂ ಟೋಪಿ ಸಮೇತ ಅಲ್ಲಿಗೇ ಬಂದು ಸೇರಿದರು. ಹನ್ನೊಂದನೆಯ ಪ್ರಕಟಣೆ ಪರಿಸ್ಥಿತಿಯನ್ನು ಸ್ಪಷ್ಟಪಡಿಸಿತು: ‘ನಗರದಲ್ಲಿ ಹೊಟ್ಟೆ ರೋಗ ಕಂಡುಬಂದಿದೆ. ರೋಗಿಗಳು: ಎಂಟು. ವೃತ್ತಿ: ನಿವೇದನೆ. ನಾಗರಿಕ ರೋಗಿಗಳು: ಇಲ್ಲ. ಆದ್ದರಿಂದ ಕೊಳವೆ ಸುಸ್ಥಿತಿಯಲ್ಲಿದೆ.’

ಬುರುಲ್ ಪ್ರತಿ ಸಂಜೆ ಮನೆಗೆ ಓಡಿಬಂದು ಅತ್ತೆಯ ಮುಖ ನೋಡುತ್ತಿದ್ದಳು. ಜಿಪಾರ್ ಅಪಾ ಆರನೆಯ ಬಟ್ಟಲು ಮುಗಿಸಿ ಗುಂಡುಕಲ್ಲಿನಂತೆ ಕೂತಿರುತ್ತಿದ್ದಳು. ಇವತ್ತು ತಪ್ಪಿಸಿಕೊಂಡಳು, ನಾಳೆ? ಬುರುಲ್ ಮಾತಾಡದೆ ದೊಡ್ಡ ಕೆಟಲ್ ತುಂಬಿ ಒಲೆಗಿಡುವಳು, ಕುದಿಸುವಳು, ಆರಿಸುವಳು, ಅತ್ತೆಗೆ ಕಾಣುವಂತೆ ಮುಂದೆ ಇಡುವಳು. ಅತ್ತೆ ಕಂಡೂ ಕಾಣದಂತೆ ಕ್ಯಾನಿಗೆ ಕೈಹಾಕುವಳು. ಜಿಪಾರ್ ಅಪಾ ತಾಯಿಯಿಲ್ಲದ ಬುರುಲ್‌ಳನ್ನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮನೆತುಂಬಿಸಿಕೊಂಡವಳು. ಅವಳನ್ನು ಕಳೆದುಕೊಳ್ಳುವ ಯೋಚನೆಯೇ ಬುರುಲ್‌ಗೆ ಸಹಿಸಲಾಗುತ್ತಿರಲಿಲ್ಲ.

ಹಿರಿಯರು ಮುಗಿದದ್ದರಿಂದ ಜುಲೈ ಮಧ್ಯದಲ್ಲಿ ನಿಯಮಾವಳಿಗೆ ತಿದ್ದುಪಡಿ ಬಂತು. ವಯಸ್ಸನ್ನು ಐವತ್ತಕ್ಕೆ ಇಳಿಸಲಾಯಿತು, ಗಡ್ಡ ಐಚ್ಛಿಕವಾಯಿತು, ಹೆಂಗಸರೂ ಅರ್ಹರಾದರು. ಆದೇಶ ಟೈಪ್ ಮಾಡುತ್ತಿದ್ದ ಬುರುಲ್‌ಗೆ ಐವತ್ತೊಂದು. ಮೇಲಿನ ಸಾಲಿನಲ್ಲಿ ತನ್ನ ಹೆಸರು ತಾನೇ ಹಾಕಿಕೊಂಡಳು, ಕೆಳಗೆ ತನ್ನ ಬೀದಿ, ಮೊದಲ ಮನೆಯಾಗಿ ತನ್ನದೇ ಮನೆ. ಉಪಾಧ್ಯಕ್ಷರು ಓದದೆ ಸಹಿ ಹಾಕಿದರು. ಸಹಿಯ ವಿಷಯದಲ್ಲಿ ಅವರು ಎಂದೂ ತಡಮಾಡಿದವರಲ್ಲ.

ಬಿಳಿ ಟೋಪಿ ಹಾಕಿಕೊಂಡು ಬುರುಲ್ ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿದಳು. ಜಿಪಾರ್ ಅಪಾ ಕದ ತೆರೆದು ಟೋಪಿ ನೋಡಿದಳು, ಮುಖ ನೋಡಿದಳು, ಮತ್ತೆ ಟೋಪಿ ನೋಡಿದಳು.

“ಸರ್ಕಾರದಿಂದ ಬಂದಿದೀಯಾ?”

“ಹೂಂ ಅಪಾ. ಇಲ್ಲಿ ನೋಡಿ, ಮುದ್ರೆ ಹಾಕಿದ ಕಾಗದ.”

“ಹಂಗಾದ್ರೆ ಬಾಗಿಲಲ್ಲಿ ಯಾಕ್ ನಿಂತೆ? ಬನ್ನಿ, ಮೇಲ್ಗಡೆ ಕೂತ್ಕೊಳ್ಳಿ.”

ಬಾಗಿಲಿಗೆದುರಾದ ಆ ಗೌರವದ ಜಾಗದಲ್ಲಿ ಬುರುಲ್ ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಕೂತಿರಲಿಲ್ಲ. ಗುಡಿಸಿದ್ದಳು, ಒರೆಸಿದ್ದಳು, ಹಾಸಿದ್ದಳು. ಈಗ ಕೂತಳು. ಅತ್ತೆ ಬೆನ್ನಿಗೆ ದಿಂಬು ಕೊಟ್ಟಳು, ರೊಟ್ಟಿ ಇಟ್ಟಳು, ಜಗುಲಿಗೆ ಹೋಗಿ ನೀಲಿ ಕ್ಯಾನಿನಿಂದ ಚಲಾಪ್ ಸುರಿದು ಎರಡೂ ಕೈಯಲ್ಲಿ ಬಟ್ಟಲು ಚಾಚಿದಳು. ಬುರುಲ್ ಬಟ್ಟಲನ್ನೂ ಅತ್ತೆಯನ್ನೂ ನೋಡಿದಳು. ನಿಯಮ ಅವಳೇ ಟೈಪ್ ಮಾಡಿದ್ದು. ಕಣ್ಣುಮುಚ್ಚಿ ಕುಡಿದಳು. ಕುರಿ ಇರಲಿಲ್ಲವಾದ್ದರಿಂದ ಕೋಳಿಗಳ ಯೋಗಕ್ಷೇಮ ಕೇಳಿದಳು. “ಸೊಸೆ ಹೇಗಿದಾಳೆ?” ಎಂದೂ ಕೇಳಬೇಕಾಯಿತು.

“ಕೆಲಸ ಮಾಡ್ತಾಳೆ, ಮಾತು ಕಮ್ಮಿ,” ಎಂದಳು ಅತ್ತೆ. “ಇನ್ನೊಂದು ಬಟ್ಟಲು?”

ಮೂರನೆಯ ಬಟ್ಟಲಿಗೆ ಬುರುಲ್ ನದಿ, ಮುನಿಸು ಎಲ್ಲ ಬಿಟ್ಟು ಒಂದೇ ಉಸಿರಿಗೆ ಹೇಳಿಬಿಟ್ಟಳು. “ಅಪಾ, ಕೊಳವೆ ನೀರು ಕೆಟ್ಟಿದೆ. ದಯವಿಟ್ಟು ಕುದಿಸಿ ಕುಡೀರಿ. ನಿಮಗೇನಾದ್ರೂ ಆದ್ರೆ ನಾನು ತಡ್ಕೊಳಲ್ಲ.”

“ಗೊತ್ತಲ್ಲ,” ಎಂದಳು ಜಿಪಾರ್ ಅಪಾ.

“ಗೊತ್ತಾ?”

“ನಮಗೇನು ಮೂಗಿಲ್ವಾ? ಜೂನ್‌ನಲ್ಲೇ ನಲ್ಲಿ ದನದ ಸಂತೆ ನಾತ ಹೊಡೀತು. ನೀನೂ ಬಾಯಿಗೆ ಬೀಗ ಹಾಕ್ಕೊಂಡು ಕೆಟಲ್ ಮೇಲೆ ಕೆಟಲ್ ಕಾಯಿಸ್ತಿದ್ದೆ. ನಾನೂ ನೀನು ಕಚೇರಿಗೆ ಹೋದ್ಮೇಲೆ ಕಾಯಿಸ್ತೀನಿ. ಇಡೀ ಬೀದಿ ಕಾಯಿಸುತ್ತೆ, ಬಾಗಿಲು ಹಾಕ್ಕೊಂಡು. ಸರ್ಕಾರ ಹೇಳೋಕೆ ಮುಂಚೆ ನಾವೇ ತಿಳ್ಕೊಂಡ್ವಿ ಅಂದ್ರೆ ಸರ್ಕಾರಕ್ಕೆ ಅವಮಾನ ಅಲ್ವಾ?”

“ಮತ್ತೆ... ಇದು?” ಬುರುಲ್ ಖಾಲಿ ಬಟ್ಟಲು ತೋರಿಸಿದಳು.

“ಇದು ನಲ್ಲಿ ನೀರಿಂದು. ಬಿಳಿ ಕ್ಯಾನು ಮನೆಯವರಿಗೆ, ಕಾಯಿಸಿದ್ದು. ನೀಲಿ ಕ್ಯಾನು ಅತಿಥಿಗಳಿಗೆ. ಟೋಪಿ ಹಾಕ್ಕೊಂಡು, ಮುದ್ರೆ ತಗೊಂಡು ಬಂದಿರೋ ಅತಿಥಿಗೆ ಸತ್ತ ನೀರಿನ ಚಪ್ಪೆ ಚಲಾಪ್ ಕೊಡೋದಾ? ಬೀದಿಯವರು ಏನಂದಾರು?”

“ನಾನು ಅತಿಥೀನಾ ಅಪಾ! ನಾನು ಬುರುಲ್!”

“ಬಾಗಿಲು ತಟ್ಟಿದೆಯಲ್ಲ,” ಎಂದಳು ಅತ್ತೆ, ಸ್ವಲ್ಪ ಕಳವಳದಿಂದಲೇ. “ಮನೆಯವರು ಬಾಗಿಲು ತಟ್ತಾರಾ?”

“ಕುಡಿಯೋವಾಗ ಒಂದು ಮಾತು ಹೇಳಬಾರದಿತ್ತಾ?”

“ಕುಡಿಯೋ ಅತಿಥಿಗೆ ಕೆಟ್ಟ ಸುದ್ದಿ ಹೇಳೋದಾ? ಚೆನ್ನಾಗಿದೆ.”

ಮೂರನೆಯ ದಿನ ಬುರುಲ್ ವಾರ್ಡ್ ಸೇರಿದಳು. ಅಲ್ಲಿ ಎಂಟು ಹಿರಿಯರೂ ಎದ್ದು ಕೂತು ಇಸ್ಪೀಟು ಆಡುವಷ್ಟು ಚೇತರಿಸಿಕೊಂಡಿದ್ದರು. ಅವಳು ಹಾಸಿಗೆಯಲ್ಲೇ ವರದಿ ಬರೆದಳು: ನಾಗರಿಕರಿಗೆ ವಿಷಯ ಮೊದಲೇ ತಿಳಿದಿದೆ, ಅವರು ಕುದಿಸಿ ಕುಡಿಯುತ್ತಿದ್ದಾರೆ, ಹೇಳಲು ಹೋದವರು ಮಾತ್ರ ಮಲಗುತ್ತಿದ್ದಾರೆ, ದಯವಿಟ್ಟು ಕೊಳವೆ ರಿಪೇರಿ ಮಾಡಿಸಿ. ಶರಿಪ್ ಕಾಸಿಮೊವಿಚ್ ಅದನ್ನು ಎರಡು ಸಲ ಓದಿದರು, ಮತ್ತು ಅದರಲ್ಲಿ ಅಡಗಿದ್ದ ಸತ್ಯ ಅವರಿಗೆ ಹೊಳೆಯಿತು. ಮೂವತ್ತೊಂದನೆಯ ಪ್ರಕಟಣೆ ಹೊರಟಿತು: ‘ನಗರದ ರೋಗಕ್ಕೆ ಸುದ್ದಿಯೇ ಕಾರಣವೆಂದು ದೃಢಪಟ್ಟಿದೆ. ಇಂದಿನಿಂದ ಸುದ್ದಿಯನ್ನು ನಿಲ್ಲಿಸಲಾಗಿದೆ. ರೋಗ ನಿಂತಿರುತ್ತದೆ. ಸಹಕರಿಸಿದ ನಾಗರಿಕರಿಗೆ ವಂದನೆಗಳು.’

ಅದೇ ಮಧ್ಯಾಹ್ನ ಜಿಪಾರ್ ಅಪಾ ವಾರ್ಡಿಗೆ ಬಂದಳು. ಎರಡು ಕೈಯಲ್ಲಿ ಎರಡು ಕ್ಯಾನು. ಬಿಳಿಯದರಿಂದ ಬಟ್ಟಲು ತುಂಬಿ ಸೊಸೆಯ ತುಟಿಗೆ ಹಿಡಿದಳು.

“ಕುಡಿ, ಮಗಳೇ. ಕಾಯಿಸಿದ್ದು, ನಾನೇ ನಿಂತು ಕಾಯಿಸಿದ್ದು. ಇನ್ನು ಮೇಲೆ ಬಾಗಿಲು ತಟ್ಟಬೇಡ, ತಳ್ಕೊಂಡು ಬಾ.” ಮುದುಕಿಯ ಕಣ್ಣು ತುಂಬಿತ್ತು. ಬುರುಲ್‌ಗೆ ಸಿಟ್ಟು ಇನ್ನೂ ಇತ್ತು, ಆದರೂ ಕುಡಿದಳು. ಚಪ್ಪೆಯಾಗಿತ್ತು. ಅಷ್ಟು ರುಚಿಯಾದದ್ದನ್ನು ಅವಳು ಆ ಬೇಸಿಗೆಯಲ್ಲಿ ಕುಡಿದಿರಲಿಲ್ಲ.

“ಇನ್ನೊಂದು ಕ್ಯಾನು ಯಾಕೆ ತಂದ್ರಿ?”

“ನೋಡೋಕೆ ಯಾರಾದ್ರೂ ಬರ್ತಾರಲ್ಲ, ಏನಾದ್ರೂ ಕೊಡ್ಬೇಡ್ವಾ?”

ಬಂದರು. ಶರಿಪ್ ಕಾಸಿಮೊವಿಚ್ ಅವರೇ ಬಂದರು, ಹಿಂದೆ ಛಾಯಾಗ್ರಾಹಕ, ಅವನ ಹಿಂದೆ ಉಳಿದ ಟೋಪಿಗಳ ಮೂಟೆ. ಒಂಬತ್ತು ರೋಗಿಗಳಿಗೂ ಇನ್ನೊಂದೊಂದು ಟೋಪಿ ತೊಡಿಸಿ, ಸುದ್ದಿಯ ವಿರುದ್ಧದ ಹೋರಾಟದಲ್ಲಿ ಅವರ ತ್ಯಾಗವನ್ನು ಕೊಂಡಾಡಿದರು. ಭಾಷಣ ಉದ್ದವಾಯಿತು. ಬೆವರಿದರು. ಜಿಪಾರ್ ಅಪಾ ಬಟ್ಟಲು ಹಿಡಿದು ಎದ್ದಳು.

“ಒಂದು ಮಾತು ಕೇಳ್ತೀನಪ್ಪ. ನಿಮ್ಮನ್ನ ಮನೆಯವರು ಅಂತ ತಿಳ್ಕೊಳ್ಳಲೋ, ಅತಿಥಿ ಅಂತಲೋ?”

ಶರಿಪ್ ಕಾಸಿಮೊವಿಚ್ ಛಾಯಾಗ್ರಾಹಕನ ಕಡೆ ತಿರುಗಿ ಎದೆಯುಬ್ಬಿಸಿದರು. “ಅತಿಥಿ, ತಾಯಿ! ನಗರಸಭೆಯ ಪರವಾಗಿ ಬಂದ ಗೌರವದ ಅತಿಥಿ!”

ನೀಲಿ ಕ್ಯಾನಿನ ಮುಚ್ಚಳ ತೆರೆಯಿತು. ಎಂಟು ಗಡ್ಡಗಳು ಒಟ್ಟಿಗೆ ಮೇಲೆದ್ದವು. ಬುರುಲ್ ಬಾಯಿ ತೆರೆದಳು, ತುರ್ದಾಕುನ್ ಅಕ್ಸಕಾಲ್ ಬೆರಳೆತ್ತಿ ತಡೆದರು. ಕುಡಿಯುವ ಅತಿಥಿಗೆ ಕೆಟ್ಟ ಸುದ್ದಿ ಹೇಳುವುದುಂಟೇ? ಅದೂ ಅವರು ನಿಂತಿರುವಾಗ? ಕ್ಯಾಮೆರಾದ ಮುಂದೆ ಬಟ್ಟಲು ಬೇಡವೆನ್ನಲು ಉಪಾಧ್ಯಕ್ಷರಿಂದಲೂ ಆಗಲಿಲ್ಲ. ಮೂರು ಬಟ್ಟಲು ಕುಡಿದು ಮೀಸೆ ಒರೆಸಿಕೊಂಡು, ಇಂಥ ಚಲಾಪ್ ಬಾಲ್ಯದ ನಂತರ ಕುಡಿದಿರಲಿಲ್ಲ ಎಂದರು.

ಅವರು ನಿವೇದಕರಾಗಿರಲಿಲ್ಲವಾದ್ದರಿಂದ ನಿಯಮದ ಪ್ರಕಾರ ನಗರದ ಮೊದಲ ನಾಗರಿಕ ರೋಗಿಯಾದರು. ದಾಖಲಾದ ದಿನವೇ ಕೊಳವೆಯನ್ನು ಒಡೆದಿದೆಯೆಂದು ಭಾವಿಸಲು ಅನುಮತಿ ದೊರೆಯಿತು. ರಿಪೇರಿ ನಾಲ್ಕು ಗಂಟೆಯಲ್ಲಿ ಮುಗಿಯಿತು. ಕಾಯಿಲೆಯ ವಿಷಯ ಅವರಿಗೂ ಕ್ರಮವಾಗಿಯೇ ತಿಳಿಸಲಾಯಿತು. ಎಂಟು ಹಿರಿಯರು ಹಾಸಿಗೆಯ ಸುತ್ತ ಕೂತು, ಅವರ ಕುದುರೆ, ಭಾವಮೈದುನ, ಟೋಪಿ ಎಲ್ಲದರ ಯೋಗಕ್ಷೇಮ ವಿಚಾರಿಸಿ, ಸಂಜೆಯ ಹೊತ್ತಿಗೆ ನದಿಯ ಮುನಿಸಿಗೆ ಬಂದರು.

ಬುರುಲ್ ಗುಣವಾಗಿ ಕಚೇರಿಗೆ ಮರಳಿದ ದಿನ ಮೂವತ್ತೆರಡನೆಯ ಪ್ರಕಟಣೆ ಟೈಪ್ ಮಾಡಿದಳು: ‘ಕೊಳವೆ ಒಡೆದಿತ್ತು.’ ಎರಡೇ ಪದ. ಊರು ಅದನ್ನು ಓದಿ ಕೆನ್ನೆಗೆ ಕೈಯಿಟ್ಟು, ‘ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ’ ಎಂದು ಸೌಜನ್ಯದಿಂದ ಅಚ್ಚರಿಪಟ್ಟಿತು.

ಈಗ ಕೋಕ್‌ಕಾಪ್ಕಾದ ನೀರು ಕನ್ನಡಿಯಷ್ಟು ತಿಳಿಯಾಗಿದೆ. ಆದರೂ ಪ್ರತಿ ಜಗುಲಿಯಲ್ಲಿ ಎರಡು ಕ್ಯಾನು ಇವೆ, ಬಿಳಿಯದೊಂದು, ನೀಲಿಯದೊಂದು. ನಗರಸಭೆಯಿಂದ ಯಾರು ಬಂದರೂ ಬಾಗಿಲು ತಟ್ಟುವುದಿಲ್ಲ. ತಳ್ಳಿಕೊಂಡು ಒಳಗೆ ಬಂದು, ಎದೆಗೆ ಕೈಯಿಟ್ಟು, “ನಾನು ಮನೆಯವನೇ, ಅಪಾ” ಎಂದು ಹೇಳಿದ ಮೇಲೆಯೇ ಕೂರುತ್ತಾರೆ.